ಸೃಷ್ಟಿಕರ್ತನಿಗೆ ಸಾಕ್ಷಿ ಕೇಳಿದವರು

ಪಿಲ್ಲಗುಂಪೆಯ ಕೈಗಾರಿಕಾ ಪ್ರದೇಶದಿಂದ ಹೊಸಕೋಟೆ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಬೆಂಗಳೂರಿಗೆ ಬರುವವರಿಗೆ ನಗರವೆಂದರೆ ಲಾರಿ, ಗೋದಾಮು, ಸಂಬಳ, ಆಸ್ಪತ್ರೆ. ಇದೇ ನಗರ ಭಾರತದ ಕ್ರೈಸ್ತ ತತ್ತ್ವಚಿಂತನೆಯ ದೊಡ್ಡ ನೆಲೆಯೂ ಹೌದೆನ್ನುವುದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಮಿಲ್ಲರ್ಸ್ ರಸ್ತೆಯಲ್ಲಿ 1910ರಿಂದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಮಲ್ಲೇಶ್ವರದಲ್ಲಿ ಸೇಂಟ್ ಪೀಟರ್ಸ್ ಸೆಮಿನರಿ, ಹೊಸೂರು ರಸ್ತೆಯಲ್ಲಿ ಧರ್ಮಾರಾಮ್. ದೇವರು ಇದ್ದಾನೆಯೇ, ಇದ್ದರೆ ಕ್ರಿಸ್ತನಲ್ಲಿ ಮನುಷ್ಯನಾಗಿ ಬಂದನೇ, ಹಾಗೆಂದು ನಂಬಲು ಏನು ಕಾರಣ, ನಂಬದಿರಲು ಏನು ಕಾರಣ ಎಂಬ ವಾದ ಕನ್ನಡ ನಾಡಿನಲ್ಲಿ ಹತ್ತಿರ ಹತ್ತಿರ ಇನ್ನೂರು ವರ್ಷಗಳಿಂದ ನಡೆದಿದೆ. ಯಾರೂ ಗೆದ್ದಿಲ್ಲ. ಆದರೆ ವಾದದ ನೆಲ ಮಾತ್ರ ತಲೆಮಾರಿಗೊಮ್ಮೆ ಸರಿಯುತ್ತ ಬಂದಿದೆ.

ಮಿಷನರಿಗಳು ಬಂದಿಳಿದಾಗ ಈ ಕಣ ಖಾಲಿಯಾಗಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಗುರುವಾಗಿದ್ದ ಜಿನಸೇನರು ತಮ್ಮ ಸಂಸ್ಕೃತ 'ಆದಿಪುರಾಣ'ದಲ್ಲಿ ಸೃಷ್ಟಿಕರ್ತನೆಂಬ ಕಲ್ಪನೆಯನ್ನೇ ಅಡ್ಡಪ್ರಶ್ನೆಗೆ ಒಡ್ಡಿದ್ದರು. ಲೋಕವೇ ಇಲ್ಲದಾಗ ಅವನು ಎಲ್ಲಿ ನಿಂತಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಪರಿಪೂರ್ಣನಾಗಿದ್ದರೆ ಸೃಷ್ಟಿಸುವ ಬಯಕೆ ಎಲ್ಲಿಂದ ಬಂತು? ಲೀಲೆಗಾಗಿ ಮಾಡಿದನೆಂದರೆ ಅದು ಹುಡುಗಾಟವಾಗಲಿಲ್ಲವೇ? ಇದು ನಿರೀಶ್ವರವಾದಿಯ ವಾದವೆಂದು ಬದಿಗಿಡುವಂತೆಯೂ ಇಲ್ಲ, ಏಕೆಂದರೆ ಮೇಲುಕೋಟೆಯ ನಂಟಿನ ರಾಮಾನುಜರು ಪರಮ ಆಸ್ತಿಕರಾಗಿದ್ದೂ 'ಶ್ರೀಭಾಷ್ಯ'ದಲ್ಲಿ ಇನ್ನೊಂದು ದಿಕ್ಕಿನಿಂದ ಅಲ್ಲಿಗೇ ಬರುತ್ತಾರೆ. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಒಬ್ಬ ಕರ್ತನಿರಬೇಕು ಎಂಬುದು ನ್ಯಾಯದರ್ಶನದ ಪಂಡಿತರಾದ ನೈಯಾಯಿಕರ ತರ್ಕ. ಅದನ್ನು ಕಟ್ಟಿ ನಿಲ್ಲಿಸಿದವನು 'ನ್ಯಾಯಕುಸುಮಾಂಜಲಿ'ಯ ಉದಯನ. ನಾವು ಕಂಡ ಕುಂಬಾರರಿಗೆಲ್ಲ ಮೈ ಇದೆ, ದೊಡ್ಡ ಕೆಲಸಗಳನ್ನು ಹಲವರು ಸೇರಿ ಬೇರೆ ಬೇರೆ ಕಾಲದಲ್ಲಿ ಮಾಡುತ್ತಾರೆ, ಹಾಗಿರುವಾಗ ಜಗತ್ತಿಗೆ ಒಬ್ಬನೇ ಅಶರೀರಿ ಕರ್ತನೆಂದು ತರ್ಕದಿಂದ ಹೇಳುವುದು ಹೇಗೆ ಎಂದು ರಾಮಾನುಜರು ಕೇಳಿದರು. ಅವರ ಮಟ್ಟಿಗೆ ಈಶ್ವರನಿಗೆ ಶಾಸ್ತ್ರವೇ ಪ್ರಮಾಣ, ತರ್ಕವಲ್ಲ.

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಬಹುಮಟ್ಟಿಗೆ ಇದೇ ಆಕ್ಷೇಪ ಎತ್ತಿದ ಸಂವಾದ ಅಚ್ಚಾದದ್ದು 1779ರಲ್ಲಿ. ವಿಲಿಯಂ ಪೇಲಿ 1802ರಲ್ಲಿ ಗಡಿಯಾರ ತೋರಿಸಿ ಗಡಿಯಾರ ಮಾಡಿದವನನ್ನು ಊಹಿಸಿದಾಗ ಯುರೋಪು ತಲೆದೂಗಿತು. ಮಡಕೆ-ಕುಂಬಾರರ ಈ ಜಗಳವನ್ನು ಶತಮಾನಗಳ ಕಾಲ ಆಡಿ ಮುಗಿಸಿದ್ದ ಪಂಡಿತರಿಗೆ ಅದರಲ್ಲಿ ಹೊಸದೇನೂ ಕಾಣುವಂತಿರಲಿಲ್ಲ. ಕ್ರೈಸ್ತ ನಂಬಿಕೆಯ ಪರವಾಗಿ ಪಶ್ಚಿಮ ಬಹಳವಾಗಿ ನೆಚ್ಚಿಕೊಂಡಿದ್ದ ರಚನಾವಾದ ಇಲ್ಲಿ ಮೊದಲೇ ಸವೆದ ನಾಣ್ಯ.

ಎರಡು ಕಡೆಯವರೂ ಒಂದೇ ಕಣದಲ್ಲಿ ನೇರವಾಗಿ ಮುಖಾಮುಖಿಯಾದದ್ದು 1839ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾನ್ ಮ್ಯೂರ್ ಸಂಸ್ಕೃತ ಶ್ಲೋಕಗಳಲ್ಲೇ 'ಮತಪರೀಕ್ಷಾ' ಬರೆದು, ನಿಜವಾದ ಮತಕ್ಕೆ ಪವಾಡ, ಪಾವಿತ್ರ್ಯ, ಸಾರ್ವತ್ರಿಕತೆ ಎಂಬ ಒರೆಗಲ್ಲುಗಳನ್ನು ಇಟ್ಟ. ಉತ್ತರ ಸಂಸ್ಕೃತದಲ್ಲೇ ಬಂತು. ಸೋಮನಾಥ ಎಂಬ ಹೆಸರಿನಲ್ಲಿ ಸುಬಾಜಿ ಬಾಪು, ಬಂಗಾಳದ ಹರಚಂದ್ರ ತರ್ಕಪಂಚಾನನ, ಕಾಶಿಯ ನೀಲಕಂಠ ಗೋರೆ ಒಬ್ಬರ ಹಿಂದೊಬ್ಬರು ಬರೆದರು. ಅವರ ಪ್ರಶ್ನೆಗಳ ಹರಿತ ಇವತ್ತಿಗೂ ಮಾಸಿಲ್ಲ. ಮೋಕ್ಷಕ್ಕೆ ಕ್ರಿಸ್ತನೊಬ್ಬನೇ ದಾರಿಯಾದರೆ ಅವನಿಗಿಂತ ಮುಂಚೆ ಹುಟ್ಟಿ ಸತ್ತವರ ಗತಿ ಏನು? ಪೂರ್ವಜನ್ಮವಿಲ್ಲವೆಂದರೆ ಹುಟ್ಟುತ್ತಲೇ ನರಳುವ ಕೂಸು ಮಾಡಿದ ತಪ್ಪೇನು? ಕತೆಯ ತಿರುವು ಮುಂದಿದೆ. ಇದೇ ನೀಲಕಂಠ 1848ರಲ್ಲಿ ದೀಕ್ಷಾಸ್ನಾನ ಪಡೆದು ನೆಹೆಮಿಯಾ ಗೋರೆಯಾದರು, 1860ರಲ್ಲಿ 'ಷಡ್ದರ್ಶನ ದರ್ಪಣ' ಬರೆದು ತಾವು ಕಲಿತ ಆರು ದರ್ಶನಗಳನ್ನೂ ಖಂಡಿಸಿದರು. ಎರಡೂ ಪಕ್ಷದ ವಕಾಲತ್ತನ್ನು ಅಷ್ಟೇ ಗಟ್ಟಿಯಾಗಿ ನಡೆಸಿದವರು ಈ ಇತಿಹಾಸದಲ್ಲಿ ವಿರಳ.

ಕನ್ನಡದಲ್ಲಿ ಈ ಕೆಲಸಕ್ಕೆ ಇಳಿದದ್ದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್. 1836ರಲ್ಲಿ ಹೊರಟುಬಂದ ಹರ್ಮನ್ ಮೊಗ್ಲಿಂಗ್ ಜಾತಿಯನ್ನೂ ವಿಗ್ರಹಾರಾಧನೆಯನ್ನೂ ಟೀಕಿಸುವ ಕಿರುಹೊತ್ತಗೆಗಳನ್ನು ಸಲೀಸಾದ ಕನ್ನಡದಲ್ಲಿ ಬರೆದ. ತತ್ತ್ವಶಾಸ್ತ್ರದ ದೃಷ್ಟಿಯಿಂದ ಅವು ಅಷ್ಟು ಆಳದವಲ್ಲ, ಪುರಾಣದ ದೇವತೆಗಳ ನಡತೆ ತೋರಿಸಿ ನಗುವುದೇ ಅವುಗಳಲ್ಲಿ ಹೆಚ್ಚು. ಸ್ವಾರಸ್ಯ ಬೇರೆ ಕಡೆ ಇದೆ. ಮೊಗ್ಲಿಂಗ್ ಓದಿದ್ದು ಜರ್ಮನಿಯ ಟ್ಯೂಬಿಂಗನ್ನಿನಲ್ಲಿ. ಅವನು ಹಡಗು ಹತ್ತುವ ಹಿಂದಿನ ವರ್ಷ, 1835ರಲ್ಲಿ, ಅದೇ ಊರಿನಲ್ಲಿ ಪಾಠ ಹೇಳುತ್ತಿದ್ದ ಡೇವಿಡ್ ಸ್ಟ್ರಾಸ್ ಯೇಸುವಿನ ಜೀವನಚರಿತ್ರೆ ಪ್ರಕಟಿಸಿ, ಸುವಾರ್ತೆಗಳ ಪವಾಡಗಳು ಪುರಾಣಕಲ್ಪನೆಗಳೆಂದು ವಾದಿಸಿದ್ದ. ಮಂಗಳೂರಿನ ಮಿಷನರಿ ಇಲ್ಲಿನ ಪುರಾಣಗಳಿಗೆ ಹಾಕಿದ ಅಳತೆಗೋಲನ್ನೇ ಅವನ ವಿದ್ಯಾಪೀಠ ಅವನ ಶಾಸ್ತ್ರಕ್ಕೂ ಹಾಕತೊಡಗಿತ್ತು. ಖಂಡಿಸಲು ಬಂದವನೇ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದ ಎನ್ನುವುದನ್ನೂ ಇಲ್ಲೇ ಹೇಳಬೇಕು. ಎದುರಾಳಿಯ ಪ್ರಮಾಣಗ್ರಂಥಗಳನ್ನು ತಾನೇ ಒದಗಿಸಿದ ವಾದಿ ಅವನು.

ಇಪ್ಪತ್ತನೆಯ ಶತಮಾನ ಬರುವಷ್ಟರಲ್ಲಿ ಪುರಾಣದ ಲೇವಡಿ ಹಿಂದೆ ಸರಿದು, ನೋವಿನ ಪ್ರಶ್ನೆ ಮುಂದೆ ಬಂತು. ದೇವರು ಒಳ್ಳೆಯವನೂ ಸರ್ವಶಕ್ತನೂ ಆಗಿದ್ದರೆ ಕೇಡು ಏಕಿದೆ? ಬ್ರಹ್ಮಸೂತ್ರಕ್ಕೆ ಈ ಪ್ರಶ್ನೆ ಗೊತ್ತಿತ್ತು. ವೈಷಮ್ಯ, ನೈರ್ಘೃಣ್ಯ, ಅಂದರೆ ಪಕ್ಷಪಾತ ಮತ್ತು ಕ್ರೌರ್ಯದ ಆರೋಪ ಈಶ್ವರನ ಮೇಲೆ ನಿಲ್ಲುವುದಿಲ್ಲ, ಅವನು ಜೀವಿಗಳ ಕರ್ಮಕ್ಕೆ ತಕ್ಕಂತೆ ನಡೆಯುತ್ತಾನೆ ಎಂಬುದು ಅಲ್ಲಿನ ಉತ್ತರ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಎ. ಜಿ. ಹಾಗ್ 1909ರಲ್ಲಿ 'ಕರ್ಮ ಆಂಡ್ ರಿಡೆಂಪ್ಷನ್' ಬರೆದು ಕೈಯಿಟ್ಟದ್ದು ಇದೇ ಉತ್ತರದ ಮೇಲೆ. ಪ್ರತಿ ನೋವೂ ತಕ್ಕ ಶಿಕ್ಷೆಯಾದರೆ ಲೋಕ ನ್ಯಾಯಾಲಯವಷ್ಟೇ ಆಗುತ್ತದೆ. ನಿರಪರಾಧಿ ಇನ್ನೊಬ್ಬರಿಗಾಗಿ ನೋಯುವುದಕ್ಕೆ ಅಲ್ಲಿ ಅರ್ಥವಿರುವುದಿಲ್ಲ, ಶಿಲುಬೆ ತುಂಬುವುದು ಆ ಅರ್ಥವನ್ನು ಎಂಬುದು ಹಾಗ್ ವಾದ. ಮಾನವೀಯತೆ ಇದರಲ್ಲಿ ನಿಜಕ್ಕೂ ಇದೆ. ಆದರೆ ಪಂಡಿತರು ಕೇಳಿದ ಕೂಸಿನ ಪ್ರಶ್ನೆಗೆ ಇದು ಉತ್ತರವಾಗುವುದಿಲ್ಲ. ದೇವರೂ ನೊಂದ ಎನ್ನುವುದು ಸಾಂತ್ವನ. ನೋವನ್ನು ಏಕೆ ಬಿಟ್ಟ ಎನ್ನುವುದು ಬೇರೆಯದೇ ಪ್ರಶ್ನೆ.

ಹಾಗ್ ಅವರ ಶಿಷ್ಯ ಎಸ್. ರಾಧಾಕೃಷ್ಣನ್ ಗುರುಗಳ ಮನೆಯಲ್ಲೇ ಪ್ರತಿವಾದ ಹೂಡಿದರು. ವೇದಾಂತಕ್ಕೆ ನೀತಿಶಾಸ್ತ್ರವಿಲ್ಲ ಎಂಬ ಟೀಕೆಗೆ ಉತ್ತರವಾಗಿ ಎಂ.ಎ. ಪ್ರಬಂಧ ಬರೆದರು. 1918ರಿಂದ 1921ರವರೆಗೆ ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ ಬಂದ ಅವರ 'ದ ರೇನ್ ಆಫ್ ರಿಲಿಜನ್ ಇನ್ ಕಾಂಟೆಂಪೊರರಿ ಫಿಲಾಸಫಿ' (1920) ಇನ್ನೂ ಮುಂದೆ ಹೋಯಿತು. ಪಶ್ಚಿಮದ ತತ್ತ್ವಜ್ಞರು ಸ್ವತಂತ್ರವಾಗಿ ಚಿಂತಿಸುತ್ತಿದ್ದೇವೆಂದುಕೊಂಡು, ತಮಗೇ ತಿಳಿಯದೆ ಮನೆಯ ಮತಕ್ಕೆ ಒಗ್ಗುವ ತೀರ್ಮಾನಕ್ಕೇ ಬರುತ್ತಾರೆ ಎಂಬುದು ಅದರ ದೂರು. ಇದೇ ದೂರನ್ನು ರಾಧಾಕೃಷ್ಣನ್ ಅವರ ಅದ್ವೈತದ ಮೇಲೂ ಹೊರಿಸಬಹುದು, ಹೊರಿಸಿದವರೂ ಇದ್ದಾರೆ. ಇತ್ತ ಮಂಜೇಶ್ವರದ ಗೋವಿಂದ ಪೈಗಳು ವಾದದ ಗೊಡವೆಗೇ ಹೋಗದೆ 'ಗೊಲ್ಗೊಥಾ' ಕಾವ್ಯ ಬರೆದರು. ಕ್ರಿಸ್ತನನ್ನು ಒಪ್ಪದೆಯೂ ಅವನ ಸಾವನ್ನು ಕನ್ನಡದ್ದಾಗಿಸಿಕೊಳ್ಳಬಹುದೆಂದು ಅದು ತೋರಿಸಿತು.

ಸ್ವಾತಂತ್ರ್ಯದ ನಂತರದ ಬೆಂಗಳೂರಿನ ಕತೆ ಇನ್ನೊಂದು ಬಗೆಯದು. 1957ರಲ್ಲಿ ಪಿ. ಡಿ. ದೇವನಂದನ್ ನೇತೃತ್ವದಲ್ಲಿ ಆರಂಭವಾಗಿ, ಬಳಿಕ ಎಂ. ಎಂ. ಥಾಮಸ್ ನಡೆಸಿದ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆ ಖಂಡನೆಯ ಕಾಲ ಮುಗಿಯಿತೆಂದು ಹೊರಟಿತು. ಆ ಹೊಸ ದಾರಿಯಲ್ಲಿ ಬಲು ದೂರ ನಡೆದವರು ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ. ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ, ಬೆಂಗಳೂರಿನಲ್ಲಿ ಕಲಿಸಿ, 1971ರಲ್ಲಿ ಜಿನೀವಾದ ಚರ್ಚುಗಳ ವಿಶ್ವಮಂಡಳಿಯ ಅಂತರ್ಧರ್ಮ ಸಂವಾದ ವಿಭಾಗಕ್ಕೆ ಮೊದಲ ನಿರ್ದೇಶಕರಾದರು. ದೇವರು ಕ್ರಿಸ್ತನಲ್ಲಿ ನಿಜವಾಗಿಯೂ ಕಾಣಿಸಿಕೊಂಡ, ಆದರೆ ಅಲ್ಲಿಗೇ ಮುಗಿದುಹೋಗಲಿಲ್ಲ ಎಂಬುದು 'ಒನ್ ಕ್ರೈಸ್ಟ್, ಮೆನಿ ರಿಲಿಜನ್ಸ್' (1991) ಪುಸ್ತಕದವರೆಗೂ ಅವರು ಬೆಳೆಸಿದ ನಿಲುವು. ಪಂಡಿತರ 'ಕ್ರಿಸ್ತನಿಗೆ ಮುಂಚಿನವರ ಗತಿ ಏನು' ಎಂಬ ಆಕ್ಷೇಪಕ್ಕೆ ಒಳಗಿನಿಂದ ಬಂದ ಪ್ರಾಮಾಣಿಕ ಉತ್ತರಗಳಲ್ಲಿ ಇದೊಂದು. ಇದಕ್ಕೂ ಬೆಲೆ ತೆರಬೇಕಾಯಿತು. ಮದ್ರಾಸಿನಲ್ಲಿ ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ ಆನೆ ಮುಟ್ಟಿದ ಕುರುಡರ ಕತೆಯನ್ನೇ ತಿರುಗಿಸಿದರು. ಎಲ್ಲರದೂ ಅರೆಸತ್ಯ ಎನ್ನಬೇಕಾದರೆ ಪೂರ್ತಿ ಆನೆಯನ್ನು ಕಂಡ ಕಣ್ಣುಳ್ಳವನೊಬ್ಬ ಇರಲೇಬೇಕು, ಆ ಜಾಗದಲ್ಲಿ ತಾನು ನಿಂತಿದ್ದೇನೆ ಎಂಬ ಗರ್ವ ಈ ವಿನಯದಲ್ಲೇ ಅಡಗಿದೆ ಎಂದರು. ಸಂವಾದಪಂಥ ಇದಕ್ಕೆ ಸಮಾಧಾನಕರ ಉತ್ತರ ಕೊಟ್ಟಂತಿಲ್ಲ.

ಅದೇ ದಶಕಗಳಲ್ಲಿ ಇಂಗ್ಲಿಷ್ ಜಗತ್ತು ಹಳೆಯ ತರ್ಕಕ್ಕೇ ಮರಳಿತ್ತು. ಸರ್ವಶಕ್ತಿ, ಸದ್ಗುಣ, ಕೇಡು ಮೂರೂ ಒಟ್ಟಿಗಿರುವುದು ವಿರೋಧಾಭಾಸ ಎಂದು ಜೆ. ಎಲ್. ಮ್ಯಾಕಿ 1955ರಲ್ಲಿ ಬರೆದ. ಸ್ವತಂತ್ರ ಇಚ್ಛೆಯುಳ್ಳ ಜೀವಿಗಳು ಬೇಕಾದರೆ ಕೇಡಿನ ಸಾಧ್ಯತೆಯನ್ನು ದೇವರೂ ತಪ್ಪಿಸಲಾರ ಎಂದು ಆಲ್ವಿನ್ ಪ್ಲಾಂಟಿಂಗಾ 1974ರಲ್ಲಿ ಉತ್ತರಿಸಿದ. ವಿರೋಧಾಭಾಸದ ಆರೋಪ ಬಿದ್ದುಹೋಯಿತೆಂದು ಹಲವು ನಾಸ್ತಿಕರೂ ಒಪ್ಪಿದರು. ವಿಲಿಯಂ ರೋ 1979ರಲ್ಲಿ ಪಟ್ಟು ಬದಲಿಸಿದ. ಕಾಡ್ಗಿಚ್ಚಿಗೆ ಸಿಕ್ಕಿ ದಿನಗಟ್ಟಲೆ ಒದ್ದಾಡಿ ಸಾಯುವ ಜಿಂಕೆಮರಿಯ ನೋವಿನಿಂದ ಯಾರ ಸ್ವಾತಂತ್ರ್ಯಕ್ಕೆ ಏನು ಲಾಭ? ತರ್ಕದ ತೊಡಕು ಹೋಗಿ ಸಂಭವನೀಯತೆಯ ಲೆಕ್ಕ ಬಂತು. ಮೂಕಪ್ರಾಣಿಯ ನೋವಿಗೆ ಪಾಪದ ಲೆಕ್ಕವಿಲ್ಲದ ಮತದಲ್ಲಿ ಈ ಪ್ರಶ್ನೆ ಹೆಚ್ಚು ಚುಚ್ಚುತ್ತದೆ. ಕರ್ಮವಾದಿಗೆ ಕನಿಷ್ಠ ಒಂದು ಉತ್ತರವಿದೆ. ಅದು ಕಠೋರವಾದ ಉತ್ತರ ಎಂಬುದೂ ನಿಜ.

ಎಷ್ಟು ಕಠೋರ ಎನ್ನುವುದನ್ನು ಮಿಲ್ಲರ್ಸ್ ರಸ್ತೆಯ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಎತ್ತಿ ಹೇಳಿದರು. ಶೂದ್ರ ದೇವಶಾಸ್ತ್ರದ ಕಡೆಗೆ ಎಂಬ ಅವರ ಆ ಉಪನ್ಯಾಸ ದಲಿತ ದೇವಶಾಸ್ತ್ರಕ್ಕೆ ನಾಂದಿಯಾಯಿತು. ಅಲ್ಲಿಯವರೆಗಿನ ಭಾರತೀಯ ಕ್ರೈಸ್ತ ಚಿಂತನೆ ವೇದಾಂತದೊಂದಿಗೆ ಮಾತಾಡುವುದೇ ಭಾರತದೊಂದಿಗೆ ಮಾತಾಡುವುದು ಎಂದುಕೊಂಡಿತ್ತು. ಚರ್ಚಿನ ಬೆಂಚುಗಳಲ್ಲಿ ಕೂತವರಲ್ಲಿ ಹೆಚ್ಚಿನವರು ದಲಿತರು. ಹುಟ್ಟಿನ ಅವಮಾನವನ್ನು ಹಿಂದಿನ ಜನ್ಮದ ಫಲವೆಂದು ವಿವರಿಸುವ ಸಿದ್ಧಾಂತ ಅವರಿಗೆ ತತ್ತ್ವವಲ್ಲ, ಗಾಯ. ನಂಬಿಕೆಯ ಪರವಾದ ವಾದ ಇಲ್ಲಿ ಪ್ರಮಾಣದಿಂದ ಬಿಡುಗಡೆಗೆ ಜರುಗಿತು. ಬಿಡುಗಡೆ ಕೊಡುವುದೆಲ್ಲ ನಿಜವೇ ಆಗಿರಬೇಕೆಂದಿಲ್ಲ ಎಂಬ ಹಳೆಯ ತಕರಾರು ಮಾತ್ರ ಹಾಗೇ ಉಳಿಯಿತು. ಚರ್ಚಿನೊಳಗೇ ಜಾತಿ ಉಳಿದಿರುವುದು ಇನ್ನೊಂದು ತಕರಾರು, ಅದನ್ನು ಎತ್ತಿದವರೂ ದಲಿತ ದೇವಶಾಸ್ತ್ರಜ್ಞರೇ.

ಕನ್ನಡ ಓದುಗರಿಗೆ ಈ ವಾದ ಹೆಚ್ಚಾಗಿ ತಲುಪಿದ್ದು ಮತಾಂತರದ ಜಗಳವಾಗಿ. ತತ್ತ್ವಶಾಸ್ತ್ರದ ಮೇಷ್ಟರಾಗಿದ್ದ ಎಸ್. ಎಲ್. ಭೈರಪ್ಪ 1961ರ 'ಧರ್ಮಶ್ರೀ'ಯಲ್ಲೇ ಅದನ್ನು ಕಾದಂಬರಿಗೆ ತಂದಿದ್ದರು. 2008ರಲ್ಲಿ ರಾಜ್ಯದ ಚರ್ಚುಗಳ ಮೇಲೆ ದಾಳಿ ನಡೆದ ಬೆನ್ನಿಗೇ ವಿಜಯ ಕರ್ನಾಟಕದಲ್ಲಿ ಬಂದ ಅವರ ಲೇಖನ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಅಲ್ಲಿ ಹೆಚ್ಚು ಸದ್ದು ಮಾಡಿದ್ದು ಇತಿಹಾಸ ಮತ್ತು ರಾಜಕೀಯ. ಕ್ರೈಸ್ತ ನಂಬಿಕೆ ನಿಜವೋ ಸುಳ್ಳೋ ಎಂಬ ಮಾತು ಮೂಲೆ ಸೇರಿತು.

ಆ ಮಾತನ್ನೇ ಬುಡಮೇಲು ಮಾಡಿದವರು ಬೆಂಗಳೂರಿನವರಾದ, ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್. ಎನ್. ಬಾಲಗಂಗಾಧರ. ರಿಲಿಜನ್ ಎಂಬ ವರ್ಗವೇ ಕ್ರೈಸ್ತ ದೇವಶಾಸ್ತ್ರದ ಕೂಸು, ಭಾರತದ ಸಂಪ್ರದಾಯಗಳು ಆ ಅರ್ಥದಲ್ಲಿ ರಿಲಿಜನ್ನುಗಳೇ ಅಲ್ಲ, ಹೀಗಾಗಿ ನಿಮ್ಮದು ನಿಜವೋ ನಮ್ಮದು ನಿಜವೋ ಎಂಬ ಪೈಪೋಟಿ ಅವುಗಳಿಗೆ ಅನ್ವಯಿಸುವುದಿಲ್ಲ ಎಂದು ಅವರು 1994ರ 'ದ ಹೀದನ್ ಇನ್ ಹಿಸ್ ಬ್ಲೈಂಡ್‌ನೆಸ್'ನಲ್ಲಿ ವಾದಿಸಿದರು. ರಾಜಾರಾಮ ಹೆಗಡೆಯವರ ಕನ್ನಡ ನಿರೂಪಣೆ 'ಸ್ಮೃತಿ-ವಿಸ್ಮೃತಿ'ಯಿಂದಾಗಿ ಶಿವಮೊಗ್ಗದ ಕಡೆಯ ತರುಣರೂ ಇದರ ಮೇಲೆ ಜಿದ್ದಿಗೆ ಬಿದ್ದರು. ಮ್ಯೂರ್‌ನ ಒರೆಗಲ್ಲನ್ನೇ ಕಿತ್ತೆಸೆಯುವ ಈ ವಾದದ ಬಲ ಸಣ್ಣದಲ್ಲ. ಆದರೆ ಜಿನಸೇನರನ್ನು ಎಲ್ಲಿಡುವುದು? ಮಿಷನರಿಗಳ ಸುಳಿವೇ ಇಲ್ಲದ ಕಾಲದಲ್ಲಿ ಸೃಷ್ಟಿವಾದ ಸುಳ್ಳೆಂದು ಅವರು ತರ್ಕಿಸಿದ್ದರು. ಅದು ಸಿದ್ಧಾಂತಗಳ ನಡುವಿನ ಚರ್ಚೆ, ರಿಲಿಜನ್ನುಗಳ ಸ್ಪರ್ಧೆಯಲ್ಲ ಎಂದು ಬಾಲಗಂಗಾಧರರ ಪರ ಹೇಳಬಹುದು. ಹಾಗೆ ಹೇಳಿದರೆ ಕ್ರೈಸ್ತರ ಸೃಷ್ಟಿವಾದವನ್ನೂ ಸಿದ್ಧಾಂತವೆಂದೇ ಎತ್ತಿಕೊಂಡು ತೂಗಲು ಅಡ್ಡಿ ಏನು ಎಂಬ ಪ್ರಶ್ನೆ ಹಿಂಬಾಲಿಸುತ್ತದೆ.

ಕೊನೆಗೆ ಇದರೊಳಗೆ ಕಾನೂನೂ ಕಾಲಿಟ್ಟಿತು. ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆ 'ಆಮಿಷ'ದ ವ್ಯಾಖ್ಯೆಯಲ್ಲಿ ಹಣ, ಉದ್ಯೋಗ, ಮದುವೆಯ ಭರವಸೆಗಳ ಜೊತೆಗೆ ಒಂದು ಧರ್ಮದ ಆಚರಣೆಯನ್ನು ಇನ್ನೊಂದರ ಮುಂದೆ ಕೀಳಾಗಿ ಚಿತ್ರಿಸುವುದನ್ನೂ, ಒಂದನ್ನು ಇನ್ನೊಂದರ ಎದುರು ವೈಭವೀಕರಿಸುವುದನ್ನೂ ಸೇರಿಸಿತು. ಈ ಅಳತೆಯಲ್ಲಿ ಮೊಗ್ಲಿಂಗನ ಹೊತ್ತಗೆಗಳು, ಮ್ಯೂರ್‌ನ ಶ್ಲೋಕಗಳು, ನೆಹೆಮಿಯಾ ಗೋರೆಯ 'ದರ್ಪಣ' ಇವನ್ನು ಓದಿ ಯಾರಾದರೂ ಮತ ಬದಲಿಸಿದರೆ, ವಾದವೇ ಆಮಿಷವೆನಿಸಬಹುದು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು.