ತಡೆಹಿಡಿದ ಬೆಲೆ ಮತ್ತು ಮುಕ್ತ ನಗದು ಹರಿವು: ಯಾದಗಿರಿ ಸೀಮೆಯ ರೈತ ಉತ್ಪಾದಕ ಕಂಪನಿಗಳ ಲೆಕ್ಕ ಓದುವ ಬಗೆ

ವ್ಯವಹಾರದಿಂದ ಬಂದ ನಗದಿನಲ್ಲಿ ಯಂತ್ರ, ಗೋದಾಮುಗಳಿಗೆ ಹಾಕಿದ ಬಂಡವಾಳ ಕಳೆದು ಉಳಿಯುವುದೇ ಮುಕ್ತ ನಗದು ಹರಿವು. 1986ರಲ್ಲಿ ಅರ್ಥಶಾಸ್ತ್ರಜ್ಞ ಮೈಕೆಲ್ ಜೆನ್ಸನ್ ಈ ಉಳಿಕೆಯನ್ನು ಅನುಮಾನದಿಂದ ನೋಡಿದರು. ಲಾಭದ ಹೂಡಿಕೆಗೆ ದಾರಿಯಿಲ್ಲದಾಗ ಆಡಳಿತಗಾರರು ಅದನ್ನು ಪೋಲು ಮಾಡುತ್ತಾರೆಂಬುದು ಅವರ ವಾದ. ಅವರ ಮುಂದಿದ್ದ ಮುಖ್ಯ ಉದಾಹರಣೆ ಅಮೆರಿಕದ ತೈಲೋದ್ಯಮ. ಯಾದಗಿರಿ, ಶಹಾಪುರ, ಸುರಪುರದಂಥ ಕಡೆ ತೊಗರಿ ಕೊಳ್ಳುವ ರೈತ ಉತ್ಪಾದಕ ಕಂಪನಿಯಲ್ಲಿ ತೊಡಕು ಬೇರೆ: ಉಳಿಕೆಯಂತೆ ತೋರುವ ಹಣ ಸದಸ್ಯರಿಗೆ ಸಲ್ಲಬೇಕಾದ ಬಾಕಿಯೇ ಆಗಿರಬಹುದು.

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸಿಗುವ ಶಹಾಪುರ, ಸುರಪುರದ ಹೊಲಗಳಲ್ಲಿ ಭತ್ತ, ಹತ್ತಿ. ಖುಷ್ಕಿಯಲ್ಲಿ ತೊಗರಿ, ಹೆಸರು. ತೊಗರಿ ರಾಶಿಯಾಗಿ ಪೇಟೆಗೆ ಬರುವುದು ಜನವರಿ, ಫೆಬ್ರುವರಿಯಲ್ಲಿ. ಲೆಕ್ಕ ಮುಚ್ಚುವ ಮಾರ್ಚ್ 31 ಅದರ ಬೆನ್ನಿಗೇ ಬರುತ್ತದೆ. ಹಾಗಾಗಿ ಅಢಾವೆ ಪತ್ರಿಕೆಯಲ್ಲಿ ಕಾಣುವುದು ದಾಸ್ತಾನು ತುಂಬಿರುವ, ಉದ್ದರಿ ಏರಿರುವ ದಿನದ ಚಿತ್ರ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಕಂಪನಿ ಕ್ವಿಂಟಲಿಗೆ ₹7,000ದಂತೆ 1,000 ಕ್ವಿಂಟಲ್ ತೊಗರಿ ಕೊಂಡಿತು. ಖರೀದಿ ₹70 ಲಕ್ಷ. ಅದರಲ್ಲಿ 600 ಕ್ವಿಂಟಲನ್ನು ₹7,500ಕ್ಕೆ ದಾಲ್ ಮಿಲ್ಲಿಗೆ ಮಾರಿತು. ಬೇರೆ ಖರ್ಚು ಬಿಟ್ಟರೆ ಲಾಭ ₹3 ಲಕ್ಷ. ಮಿಲ್ಲಿನವರು ಕೊಡಬೇಕಾದ ₹45 ಲಕ್ಷದಲ್ಲಿ ಮಾರ್ಚ್‌ ಒಳಗೆ ಬಂದದ್ದು ₹30 ಲಕ್ಷ. ರೈತರಿಗೆ ಪೂರ್ತಿ ಕೊಟ್ಟಿದ್ದರೆ ವ್ಯವಹಾರದ ನಗದು ₹40 ಲಕ್ಷ ಕೊರತೆ. ಕಾಳು ಹಸನು ಮಾಡುವ ₹5 ಲಕ್ಷದ ಯಂತ್ರವೂ ಸೇರಿದರೆ ಕೊರತೆ ₹45 ಲಕ್ಷ. ರೈತರ ₹50 ಲಕ್ಷ ಕೊಡದೆ ಇಟ್ಟುಕೊಂಡಿದ್ದರೆ? ಮುಕ್ತ ನಗದು ಹರಿವು ₹5 ಲಕ್ಷ ಹೆಚ್ಚುವರಿ. ಲಾಭ ಮಾತ್ರ ಎರಡರಲ್ಲೂ ಅದೇ ₹3 ಲಕ್ಷ. ಮುಕ್ತ ನಗದು ಹರಿವನ್ನಷ್ಟೇ ನೋಡುವವರಿಗೆ ಬಾಕಿ ಇಟ್ಟುಕೊಂಡ ಕಂಪನಿಯೇ ದಕ್ಷವೆನಿಸುತ್ತದೆ.

ಹೀಗೆ ಹಣ ತಡೆಹಿಡಿಯುವುದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ಉತ್ಪಾದಕ ಕಂಪನಿಗಳು ಕಾನೂನಿಗೆ ಬಂದದ್ದು 2002ರ ತಿದ್ದುಪಡಿಯಿಂದ. ಈಗ ಅವು 2013ರ ಕಂಪನಿ ಕಾಯ್ದೆಯ ಭಾಗ. ಬೆಲೆಯ ಒಂದು ಪಾಲನ್ನು ತಡೆಹಿಡಿದು ಮುಂದೆ ನಗದಾಗಿ, ವಸ್ತುವಾಗಿ ಅಥವಾ ಷೇರಾಗಿ ಕೊಡಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ತೊಂದರೆ ಇರುವುದು ಅದು ಕಾಣಿಸುವ ಬಗೆಯಲ್ಲಿ. ಸಾರ್ವಜನಿಕ ಕಂಪನಿ ಎಷ್ಟೇ ಚಿಕ್ಕದಿರಲಿ, ಅದನ್ನು ಕಾಯ್ದೆ ‘ಸಣ್ಣ ಕಂಪನಿ’ ಎನ್ನುವುದಿಲ್ಲ. ಹಾಗಾಗಿ ಸಣ್ಣ ಕಂಪನಿಗಿರುವ ವಿನಾಯಿತಿ ಅದಕ್ಕಿಲ್ಲ; ನಗದು ಹರಿವಿನ ಪಟ್ಟಿ ಕೊಡಲೇಬೇಕು. ಉತ್ಪಾದಕ ಕಂಪನಿಗೆ ಸಾವಿರ ಸದಸ್ಯರಿದ್ದರೂ ಅದು ಖಾಸಗಿ ಕಂಪನಿಯ ಸಾಲಿಗೆ ಸೇರುತ್ತದೆ. ಬಂಡವಾಳ, ವಹಿವಾಟು ಮಿತಿಯೊಳಗಿದ್ದರೆ ಅದು ‘ಸಣ್ಣ ಕಂಪನಿ’ಯಾಗಿ ಆ ಪಟ್ಟಿಯಿಂದ ವಿನಾಯಿತಿಯೂ ಸಿಗುತ್ತದೆ. ದಲಾಲಿ ಅಂಗಡಿಯ ಕಿರ್ದಿಯಲ್ಲಾದರೂ ದಿನದ ನಗದು ದಿನವೇ ಬರೆದಿರುತ್ತದೆ. ಈ ವಿನಾಯಿತಿಯನ್ನು ಸಮರ್ಥಿಸುವುದು ನನಗಂತೂ ಕಷ್ಟ.

ಅನುದಾನದ್ದು ಇನ್ನೊಂದು ಮಾತು. 2020ರ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಕೇಂದ್ರ ಯೋಜನೆಯಲ್ಲಿ ಒಂದೊಂದಕ್ಕೆ ಮೂರು ವರ್ಷಗಳಲ್ಲಿ ₹18 ಲಕ್ಷದವರೆಗೆ ನೆರವುಂಟು. ಅದನ್ನು ಬೇರ್ಪಡಿಸದಿದ್ದರೆ, ನೆರವು ನಿಂತ ನಾಲ್ಕನೆಯ ವರ್ಷ ನಗದು ಕುಸಿದಾಗ ಕಾರಣ ತಿಳಿಯದು.

ಆದ್ದರಿಂದ ಇಂಥ ಕಂಪನಿಗಳ ಅಧ್ಯಯನದಲ್ಲಿ ಮುಕ್ತ ನಗದು ಹರಿವಿನಿಂದ ಅನುದಾನವನ್ನೂ ಸದಸ್ಯರ ಬಾಕಿಯಲ್ಲಿ ಆದ ಏರಿಕೆಯನ್ನೂ ಕಳೆಯಬೇಕು. ಮಾರ್ಚ್ ಲೆಕ್ಕದ ಪಕ್ಕದಲ್ಲಿ, ಹೊಸ ರಾಶಿಗೆ ಮುಂಚಿನ ನವೆಂಬರ್ ಕೊನೆಯ ನಗದು, ದಾಸ್ತಾನು, ಬಾಕಿಗಳನ್ನೂ ಇಡಬೇಕು. ಹಳೆಯ ತೊಗರಿಯ ಹಣ ಆ ಹೊತ್ತಿಗೂ ಸದಸ್ಯರ ಕೈಸೇರಿರದಿದ್ದರೆ, ಅದನ್ನು ಹಂಗಾಮಿನ ಉದ್ದರಿ ಎನ್ನಲು ಬರುವುದಿಲ್ಲ. ಬಡ್ಡಿಯಿಲ್ಲದ ಸಾಲವೆಂದೇ ನಮೂದಿಸಬೇಕು.