ಆರ್. ಎಸ್. ಥಾಮಸ್: ಉತ್ತರ ಕೊಡದವರ ಜೊತೆ ಐವತ್ತು ವರ್ಷದ ಮಾತು

ವೇಲ್ಸ್‌ನ ಕವಿ ಥಾಮಸ್ ಎಂದಾಗ ನಮ್ಮಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಮೊದಲು ನೆನಪಾಗುವುದು ಡಿಲನ್ ಥಾಮಸ್. ಮಾತಿನ ಮಳೆ ಸುರಿಸಿ, ಕುಡಿದು, ಮೂವತ್ತೊಂಬತ್ತಕ್ಕೇ ನ್ಯೂಯಾರ್ಕಿನಲ್ಲಿ ತೀರಿಕೊಂಡವನು. ಅವನಿಗಿಂತ ಒಂದು ವರ್ಷ ಹಿರಿಯನಾದ ರೊನಾಲ್ಡ್ ಸ್ಟುವರ್ಟ್ ಥಾಮಸ್ ಹೆಚ್ಚುಕಡಿಮೆ ಎಲ್ಲದರಲ್ಲೂ ತದ್ವಿರುದ್ಧ. ವೃತ್ತಿಯಿಂದ ಹಳ್ಳಿ ಚರ್ಚಿನ ಪಾದ್ರಿ. ಮಾತು ಕಡಿಮೆ, ಸಾಲು ಗಿಡ್ಡ, ಫೋಟೋಗಳಲ್ಲಿ ಸದಾ ಗಂಟುಮುಖ. ಎಂಬತ್ತೇಳು ವರ್ಷ ಬದುಕಿದ ಈತ 1946ರಿಂದ 1995ರವರೆಗೆ ಇಪ್ಪತ್ತಕ್ಕೂ ಹೆಚ್ಚು ಕವನ ಪುಸ್ತಕಗಳನ್ನು ಪ್ರಕಟಿಸಿದ. ಇಪ್ಪತ್ತನೆಯ ಶತಮಾನದ ದೊಡ್ಡ ಧಾರ್ಮಿಕ ಕವಿ ಎಂದು ಹೊಗಳಿದವರಿದ್ದಾರೆ. ಒಂದೇ ರಾಗ ಹಿಡಿದು ಕೊರಗುವವನು ಎಂದು ಬೇಸತ್ತವರೂ ಇದ್ದಾರೆ. ಇಬ್ಬರೂ ಬೆರಳಿಟ್ಟು ತೋರಿಸುವುದು ಒಂದೇ ಗುಣವನ್ನು: ಎದುರಿಗಿರುವವನು ಬಾಯಿ ಬಿಡದಿದ್ದರೂ ಮಾತು ನಿಲ್ಲಿಸದ ಹಟ.

ಗಡಿಯಿಂದ ಕಡಲಿಗೆ

1913ರ ಮಾರ್ಚ್ 29ರಂದು ಕಾರ್ಡಿಫ್‌ನಲ್ಲಿ ಹುಟ್ಟಿದ ಥಾಮಸ್ ಒಬ್ಬನೇ ಮಗ. ತಂದೆ ಹಡಗಿನ ನೌಕರ. ಮಗ ಐದು ವರ್ಷದವನಿದ್ದಾಗ ಸಂಸಾರ ವೇಲ್ಸ್‌ನ ವಾಯವ್ಯ ತುದಿಯ ಹೋಲಿಹೆಡ್ ಬಂದರಿಗೆ ಬಂದು ನೆಲೆಸಿತು. ಮನೆಯ ಮಾತು ಇಂಗ್ಲಿಷ್. ಬ್ಯಾಂಗರ್‌ನಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಓದಿ, ಲ್ಯಾಂಡಾಫ್‌ನಲ್ಲಿ ಪಾದ್ರಿ ಶಿಕ್ಷಣ ಪಡೆದು, 1936ರಲ್ಲಿ ಇಂಗ್ಲೆಂಡಿನ ಗಡಿಗೆ ತಾಗಿದ ಚರ್ಕ್ ಊರಿನಲ್ಲಿ ಸಹಾಯಕ ಪಾದ್ರಿಯಾಗಿ ಸೇರಿಕೊಂಡ. ಅಲ್ಲೇ ಪರಿಚಯವಾದ ಇಂಗ್ಲಿಷ್ ಚಿತ್ರಕಲಾವಿದೆ ಎಲ್ಸಿ ಎಲ್ಡ್ರಿಜ್‌ಳನ್ನು 1940ರಲ್ಲಿ ಮದುವೆಯಾದ.

ಮುಂದಿನ ವರ್ಗಾವಣೆಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಅದೇ ಒಂದು ಕಥೆ. 1942ರಿಂದ 1954ರವರೆಗೆ ಮಾಂಟ್ಗೊಮರಿ ಬೆಟ್ಟಗಳ ನಡುವಿನ ಮನಾವೋನ್, ಆಮೇಲೆ 1967ರವರೆಗೆ ಎಗ್ಲೂಯಿಸ್‌ವಾಖ್, ಕೊನೆಗೆ 1978ರವರೆಗೆ ಲೀನ್ ಪರ್ಯಾಯದ್ವೀಪದ ತುದಿಯಲ್ಲಿ, ಅಲೆಯ ಸದ್ದು ಕೇಳುವಷ್ಟು ಹತ್ತಿರದ ಅಬರ್‌ದಾರೋನ್ ಚರ್ಚು. ಇಂಗ್ಲೆಂಡಿನಿಂದ ದೂರ, ವೆಲ್ಶ್ ಮಾತಾಡುವ ಜನರ ಹತ್ತಿರ, ಒಂದೊಂದೇ ಹೆಜ್ಜೆ. ಬೈರನ್ ರೋಜರ್ಸ್ 2006ರಲ್ಲಿ ಬರೆದ ಜೀವನಚರಿತ್ರೆಗೆ ‘ಪಶ್ಚಿಮಕ್ಕೆ ಹೋದ ಮನುಷ್ಯ’ ಎಂಬರ್ಥದ ಹೆಸರಿಟ್ಟದ್ದು ಇದೇ ಕಾರಣಕ್ಕೆ. ಜೇಮ್ಸ್ ಟೇಟ್ ಬ್ಲ್ಯಾಕ್ ಪ್ರಶಸ್ತಿ ಪಡೆದ ಆ ಪುಸ್ತಕ ನಗಿಸುತ್ತದೆ ಕೂಡ. ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರಗಳ ಕೇಡಿನ ಬಗ್ಗೆ ಪಾದ್ರಿ ಪ್ರವಚನ ಕೊಡುತ್ತಿದ್ದನಂತೆ. ಕೇಳುತ್ತಿದ್ದ ಬಡ ಹಳ್ಳಿಗರಲ್ಲಿ ಅವು ಇರಲೇ ಇಲ್ಲ.

ಗೆಡ್ಡೆ ಕತ್ತರಿಸುತ್ತಿದ್ದವನು

ಮನಾವೋನ್‌ಗೆ ಹೋದಾಗ ಥಾಮಸ್‌ನ ತಲೆ ತುಂಬ ಇದ್ದದ್ದು ಯೇಟ್ಸ್‌ನ ಆರಂಭದ ಕವಿತೆಗಳ ಮಬ್ಬುಬೆಳಕಿನ ಕೆಲ್ಟಿಕ್ ಲೋಕ. ಅಲ್ಲಿ ಸಿಕ್ಕವರು ಕೆಸರು, ಕುರಿ, ದರದ ಲೆಕ್ಕದಲ್ಲಿ ಮುಳುಗಿದ್ದ ಗುಡ್ಡದ ರೈತರು. ಒಂದು ನವೆಂಬರಿನ ಚಳಿಯಲ್ಲಿ, ಎತ್ತರದ ಒಂದು ತೋಟದ ಮನೆಗೆ ಹೋಗುವಾಗ, ಹೊಲದಲ್ಲಿ ಒಬ್ಬನೇ ನಿಂತು ದನದ ಮೇವಿನ ಗೆಡ್ಡೆಯ ಸೊಪ್ಪು ಕತ್ತರಿಸುತ್ತಿದ್ದವನನ್ನು ಕಂಡ. ಮನೆಗೆ ಬಂದು ಬರೆದದ್ದು ‘ಎ ಪೆಸೆಂಟ್’. ಆ ಕವಿತೆಯಲ್ಲಿ ಹುಟ್ಟಿದ ಯಾಗೊ ಪ್ರಿದರ್ಖ್ ಎಂಬ ಕಲ್ಪಿತ ರೈತ ಮುಂದಿನ ಎರಡು ದಶಕಗಳ ಕಾಲ ಥಾಮಸ್‌ನನ್ನು ಬಿಡಲಿಲ್ಲ.

ಮೊದಲ ಸಂಕಲನ ‘ದಿ ಸ್ಟೋನ್ಸ್ ಆಫ್ ದ ಫೀಲ್ಡ್’ 1946ರಲ್ಲಿ ಕಾರ್ಮಾರ್ಥನ್‌ನ ಚಿಕ್ಕ ಪ್ರಕಾಶನವಾದ ಡ್ರೂಯಿಡ್ ಪ್ರೆಸ್‌ನಿಂದ ಬಂತು. ಹೊಲದ ಕಲ್ಲುಗಳು ಎಂಬ ಆ ಹೆಸರು ಬೈಬಲ್‌ನ ಯೋಬನ ಗ್ರಂಥದ್ದು. ಎರಡನೆಯದು, 1952ರ ‘ಆನ್ ಏಕರ್ ಆಫ್ ಲ್ಯಾಂಡ್’, ನ್ಯೂಟೌನ್‌ನ ಸ್ಥಳೀಯ ಮುದ್ರಣಾಲಯದಲ್ಲಿ ಅಚ್ಚಾಯಿತು. ಮೂರನೆಯದಾದ ‘ದಿ ಮಿನಿಸ್ಟರ್’ ಬಿಬಿಸಿಗಾಗಿ ಬರೆದ ರೇಡಿಯೋ ಕಾವ್ಯ. ಗುಡ್ಡದ ಊರಿನ ಪ್ರಾರ್ಥನಾಮಂದಿರಕ್ಕೆ ಬಂದ ಎಲಿಯಾಸ್ ಮಾರ್ಗನ್ ಎಂಬ ತರುಣ ಬೋಧಕ ಅಲ್ಲಿನ ಹಿರಿಯರ ಮೊಂಡುತನಕ್ಕೂ ತನ್ನ ಒಣ ದೈವಜ್ಞಾನಕ್ಕೂ ಸಿಕ್ಕಿ ಸವೆದು ಸಾಯುವ ಕಥೆ ಅದು.

ಪ್ರಿದರ್ಖ್ ಕವಿತೆಗಳ ವಿಶೇಷವಿರುವುದು ಕವಿಯ ನಿಲುವಿನ ಓಲಾಟದಲ್ಲಿ. ಒಮ್ಮೆ ಆ ರೈತನ ಬೆವರು, ಜೊಲ್ಲು, ಖಾಲಿ ನೋಟ ಕಂಡು ಹೇಸುತ್ತಾನೆ. ಮರುಕ್ಷಣ ಅವನೇ ಕಾಲದ ಮುತ್ತಿಗೆಗೆ ಜಗ್ಗದ ಕೋಟೆಯಾಗುತ್ತಾನೆ. ಇನ್ನೊಂದು ಕಡೆ ಕವಿ ಕ್ಷಮೆ ಕೇಳುತ್ತಾನೆ, ಮತ್ತೊಂದು ಕಡೆ ಗದರಿಸುತ್ತಾನೆ. ಪ್ರಿದರ್ಖ್ ಮಾತ್ರ ಬಾಯಿ ಬಿಡುವುದೇ ಅಪರೂಪ. ಓದಿದ ಪಾದ್ರಿ ಮತ್ತು ಓದದ ರೈತನ ನಡುವಿನ ಆ ಬೇಲಿಯನ್ನು ಥಾಮಸ್ ದಾಟಲಾರ. ದಾಟಿದೆನೆಂದು ನಟಿಸದೇ ಇರುವುದರಿಂದಲೇ ಈ ಕವಿತೆಗಳು ಇನ್ನೂ ಹಸಿಯಾಗಿವೆ ಎಂದು ನನಗನಿಸುತ್ತದೆ.

ಲಂಡನ್ನಿನ ಮೆಚ್ಚುಗೆ, ಊರಿನ ಮುನಿಸು

1955ರಲ್ಲಿ ಲಂಡನ್ನಿನ ರೂಪರ್ಟ್ ಹಾರ್ಟ್-ಡೇವಿಸ್ ಪ್ರಕಾಶನ ಆವರೆಗಿನ ಕವಿತೆಗಳನ್ನು ಆಯ್ದು, ಹೊಸವನ್ನೂ ಸೇರಿಸಿ ‘ಸಾಂಗ್ ಅಟ್ ದಿ ಇಯರ್ಸ್ ಟರ್ನಿಂಗ್’ ಹೊರತಂದಿತು. ಮುನ್ನುಡಿ ಬರೆದವನು ಆಗ ಜನಪ್ರಿಯನಾಗಿದ್ದ ಕವಿ ಜಾನ್ ಬೆಚಮನ್. ಈ ಕವಿಯನ್ನು ಪರಿಚಯಿಸುತ್ತಿರುವವನ ಹೆಸರು ಮರೆತುಹೋದ ಮೇಲೂ ಕವಿಯ ಹೆಸರು ಉಳಿದಿರುತ್ತದೆ ಎಂಬ ಧಾಟಿಯ ಮಾತು ಅದರಲ್ಲಿದೆ. ಹಳ್ಳಿಯ ಬಗೆಗಿನ ಹುಸಿ ರಮ್ಯತೆಯನ್ನು ಸಹಿಸದ ಕಿಂಗ್ಸ್ಲಿ ಅಮಿಸ್ ಕೂಡ ಮೆಚ್ಚಿ ಬರೆದ. ರಾಯಲ್ ಸೊಸೈಟಿ ಆಫ್ ಲಿಟರೇಚರ್‌ನ ಹೈನ್‌ಮನ್ ಪ್ರಶಸ್ತಿ ಬಂತು. 1964ರಲ್ಲಿ ರಾಣಿಯ ಹೆಸರಿನ ಕಾವ್ಯ ಚಿನ್ನದ ಪದಕ. ಇಂಗ್ಲಿಷ್ ಕಾವ್ಯದ ಸಭ್ಯ ಸಪ್ಪೆತನವನ್ನು ಛೇಡಿಸಿ ವಿಮರ್ಶಕ ಆಲ್ವರೆಝ್ 1962ರಲ್ಲಿ ಸಂಪಾದಿಸಿದ ‘ದಿ ನ್ಯೂ ಪೊಯೆಟ್ರಿ’ಯಲ್ಲೂ ಥಾಮಸ್‌ಗೆ ಜಾಗ ಸಿಕ್ಕಿತು. ಎಲ್ಲರೂ ಒಲಿಯಲಿಲ್ಲ. ಫಿಲಿಪ್ ಲಾರ್ಕಿನ್ ತನ್ನ ಖಾಸಗಿ ಪತ್ರಗಳಲ್ಲಿ ಇವನ ಹೆಸರನ್ನೇ ತಿರುಚಿ ಅಶ್ಲೀಲವಾಗಿ ಗೇಲಿ ಮಾಡಿದ.

ವೇಲ್ಸ್‌ನೊಳಗಿನ ತಕರಾರು ಬೇರೆಯದೇ. ವೆಲ್ಶ್ ಮಾತಾಡುವ ಜನರಲ್ಲಿ ಬಹುಪಾಲು ಆಗ ಆಂಗ್ಲಿಕನ್ ಚರ್ಚಿನ ಹೊರಗಿನ ‘ಚಾಪೆಲ್’ ಸಂಪ್ರದಾಯದವರಾಗಿದ್ದರು. ಹಳ್ಳಿಗಳಲ್ಲಿ ಕವಿತೆ, ಸಂಗೀತ, ಸ್ಪರ್ಧೆಗಳನ್ನು ಉಳಿಸಿಕೊಂಡು ಬಂದದ್ದೇ ಆ ಪ್ರಾರ್ಥನಾಮಂದಿರಗಳು. ಆಂಗ್ಲಿಕನ್ ಪಾದ್ರಿಯೊಬ್ಬ, ಅದೂ ಇಂಗ್ಲಿಷಿನಲ್ಲಿ, ಆ ಮಂದಿರಗಳನ್ನು ಕಲೆಯ ಕತ್ತು ಹಿಸುಕಿದ ಕತ್ತಲೆ ಕೋಣೆಗಳೆಂಬಂತೆ ಚಿತ್ರಿಸಿದರೆ ಕೇಳುವವರಿಗೆ ಹೇಗಾಗಬೇಡ? ಲಂಡನ್ ಯಾವುದನ್ನು ನಿರ್ದಾಕ್ಷಿಣ್ಯ ವಾಸ್ತವ ಎಂದು ಹೊಗಳಿತೋ ಅದು ಊರಿನವರಿಗೆ ಅವಮಾನವಾಗಿ ಕಂಡಿತು. ರೈತಾಪಿ ಬದುಕಿನ ಜಾಣ್ಮೆ, ತಮಾಷೆ, ನೆರೆಹೊರೆಯ ನಂಟು ಈ ಕವಿತೆಗಳಲ್ಲಿ ಕಾಣುವುದೇ ಇಲ್ಲ ಎಂಬ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಪ್ರಿದರ್ಖ್ ನಗುವುದು ತೀರ ಅಪರೂಪ. ಗುಡ್ಡದ ರೈತರು ನಗದೇ ಇದ್ದಾರೆಯೇ!

ಖಾಲಿ ಚರ್ಚು

1972ರಲ್ಲಿ ಮ್ಯಾಕ್‌ಮಿಲನ್ ಪ್ರಕಟಿಸಿದ ‘ಹ್ಮ್’ ಎಂಬ ವಿಚಿತ್ರ ಹೆಸರಿನ ಪುಸ್ತಕದೊಂದಿಗೆ ಥಾಮಸ್ ಓದುಗರನ್ನು ಬೆಚ್ಚಿಬೀಳಿಸಿದ. ರೈತ ಮರೆಯಾದ. ಆ ಮೌನದ ಜಾಗಕ್ಕೆ ದೇವರು ಬಂದು ಕೂತ. ಇಲ್ಲಿನ ಹಲವು ಕವಿತೆಗಳು ಸೃಷ್ಟಿಯ ಹೊಸ ಪುರಾಣಗಳಂತಿವೆ: ದೇವರು ಜಗತ್ತನ್ನು ಮಾಡುತ್ತಾನೆ, ನೋಡಿ ಸಿಡುಕುತ್ತಾನೆ, ಯಂತ್ರ ಬಂದು ಅವನ ಕೈಮೀರುತ್ತದೆ. ಎರಡು ವರ್ಷ ಮೊದಲು ಬಂದಿದ್ದ ಟೆಡ್ ಹ್ಯೂಸ್‌ನ ‘ಕ್ರೋ’ ಸಂಕಲನದ ನೆರಳನ್ನು ವಿಮರ್ಶಕರು ಗುರುತಿಸಿದ್ದಾರೆ.

ಆಮೇಲಿನ ‘ಲ್ಯಾಬೊರೇಟರೀಸ್ ಆಫ್ ದ ಸ್ಪಿರಿಟ್’ (1975) ಮತ್ತು ‘ಫ್ರೀಕ್ವೆನ್ಸೀಸ್’ (1978) ಹೆಸರಿನಲ್ಲೇ ಪ್ರಯೋಗಾಲಯದ ವಾಸನೆ ಹೊತ್ತಿವೆ. ಯಂತ್ರವನ್ನು ಬೈಯುವ ಕವಿಯೇ ಭೌತವಿಜ್ಞಾನದ ಮಾತುಗಳನ್ನು ಪ್ರಾರ್ಥನೆಗೆ ತಂದುಕೊಂಡ. ಅಬರ್‌ದಾರೋನ್‌ನಲ್ಲಿ ಗಂಟೆಗಟ್ಟಲೆ ಕಡಲ ಹಕ್ಕಿಗಾಗಿ ಕಾಯುತ್ತಿದ್ದ ಪಕ್ಷಿವೀಕ್ಷಕನಿಗೆ ಕಾಯುವಿಕೆಯೇ ಪ್ರಾರ್ಥನೆಯಾಯಿತು. ಹಕ್ಕಿ ಬಾರದ ದಿನಗಳೇ ಹೆಚ್ಚು. ದೇವರನ್ನು ‘ಇದು’ ಎಂದು ತೋರಿಸಲಾಗದೆ, ಅವನು ಈಗಷ್ಟೇ ಎದ್ದುಹೋದ ಜಾಗವನ್ನು ಮಾತ್ರ ಮುಟ್ಟಿ ನೋಡುವ ಈ ಬಗೆಗೆ ಕ್ರೈಸ್ತ ಚಿಂತನೆಯಲ್ಲಿ ಹಳೆಯ ಪರಂಪರೆಯಿದೆ. ‘ಹ್ಮ್’ನಲ್ಲಿರುವ ‘ವಿಯಾ ನೆಗಟೀವಾ’ ಎಂಬ ಕವಿತೆಯ ಹೆಸರು ಆ ಪರಂಪರೆಯದ್ದೇ.

ಪಾದ್ರಿಯೇ ದೇವರು ಸಿಗಲಿಲ್ಲ ಎಂದರೆ? ಕೆಲವರಿಗೆ ಇದು ನಂಬಿಕೆ ಕಳೆದುಕೊಂಡವನ ದಾಖಲೆಯಾಗಿ ಕಂಡಿತು. ಸ್ವಾನ್ಸಿಯ ತತ್ತ್ವಜ್ಞಾನಿ ಡಿ. ಝಡ್. ಫಿಲಿಪ್ಸ್ 1986ರಲ್ಲಿ ಮರೆಯಾದ ದೇವರ ಕವಿ ಎಂದು ಕರೆದು ಇಡೀ ಪುಸ್ತಕವನ್ನೇ ಬರೆದರು. ಸುಲಭ ಸಮಾಧಾನವನ್ನು ಒಪ್ಪದಿರುವುದೇ ಇಲ್ಲಿನ ನಂಬಿಕೆಯ ಪ್ರಾಮಾಣಿಕತೆ ಎಂಬುದು ಅಲ್ಲಿನ ವಾದದ ದಿಕ್ಕು. ಚರ್ಚಿನ ಹೊರಗಿನ ಓದುಗರೂ ಥಾಮಸ್‌ನನ್ನು ಓದುತ್ತಿರುವುದು ಬಹುಶಃ ಇದರಿಂದಲೇ.

ಮುರಿದ ಸಾಲಿನ ಜಗಳ

ಮೊದಲ ಪುಸ್ತಕಗಳಲ್ಲಿ ಲಯ ಗಟ್ಟಿಯಾಗಿತ್ತು, ಅಲ್ಲಲ್ಲಿ ಪ್ರಾಸವೂ ಇತ್ತು. ಎಪ್ಪತ್ತರ ದಶಕದ ಹೊತ್ತಿಗೆ ಸಾಲು ಎಲ್ಲೆಂದರಲ್ಲಿ ತುಂಡಾಗತೊಡಗಿತು: ನಾಮಪದದಿಂದ ವಿಶೇಷಣವನ್ನು ಬೇರೆ ಮಾಡಿ, ಕ್ರಿಯಾಪದದ ಮುಂದೆ ನಿಲ್ಲಿಸಿ. ಇದು ಗದ್ಯವನ್ನು ಕತ್ತರಿಸಿ ಜೋಡಿಸಿದ್ದು ಎಂದು ಕೆಲವರು ಸಿಡಿಮಿಡಿಗೊಂಡರು. ಮೆಚ್ಚಿದವರಿಗೆ ಅದು ತಡವರಿಸುವ ಪ್ರಾರ್ಥನೆಯ ಉಸಿರು. ಸಾಲಿನ ಅಂಚಿನಲ್ಲಿ ಕಾಲು ಗಾಳಿಗೆ ಇಟ್ಟಂತಾಗಿ, ಮುಂದಿನ ಪದ ಸಿಗುವವರೆಗೆ ಓದುಗನಿಗೂ ನೆಲವಿಲ್ಲ. ನನಗೆ ಇಬ್ಬರೂ ಸರಿ ಎನಿಸುತ್ತದೆ, ಬೇರೆ ಬೇರೆ ಕವಿತೆಗಳ ಮಟ್ಟಿಗೆ. ಇಷ್ಟೊಂದು ಬರೆದವನಲ್ಲಿ ಅಭ್ಯಾಸಬಲದ ಕವಿತೆಗಳೂ ಇದ್ದೇ ಇರುತ್ತವೆ. ಚಿತ್ರಕಲಾಕೃತಿಗಳನ್ನು ನೋಡಿ ಬರೆದ ‘ಬಿಟ್ವೀನ್ ಹಿಯರ್ ಅಂಡ್ ನೌ’ (1981) ಸಂಕಲನದ ಕವಿತೆಗಳಲ್ಲಿ ಕೆಲವು ಚಿತ್ರದ ಪಕ್ಕದಲ್ಲಿ ಅಡಿಟಿಪ್ಪಣಿಯಂತೆ ನಿಂತಿವೆ.

ಹೇಳಿದ್ದನ್ನೇ ಹೇಳುವ ಈ ಕೊರತೆಯನ್ನು ತಿರುಗಿಸಿ ಓದಿದವರು ವಿಮರ್ಶಕ ಎಂ. ವಿನ್ ಥಾಮಸ್. ಕವಿಯ ಶತಮಾನೋತ್ಸವದ 2013ರಲ್ಲಿ ಬಂದ ಅವರ ಪುಸ್ತಕದ ಹೆಸರೇ ‘ಸೀರಿಯಲ್ ಅಬ್ಸೆಸಿವ್’. ಒಂದರ ಹಿಂದೊಂದು ಗೀಳು ಹಿಡಿದವನು ಎಂದರ್ಥ. ರೈತ, ವೇಲ್ಸ್, ಹೆಂಡತಿ, ದೇವರು: ಹಿಡಿದದ್ದನ್ನು ಬಿಡದೆ ಸುತ್ತುವುದನ್ನು ಅವರು ಈ ಕಾವ್ಯದ ಕಟ್ಟಡವೇ ಎಂದು ಓದುತ್ತಾರೆ.

ಕೊನೆಯ ದಶಕ

ನಿವೃತ್ತಿಯ ಬಳಿಕ ಥಾಮಸ್ ವಾಸಿಸಿದ್ದು ಅಬರ್‌ದಾರೋನ್‌ಗೆ ಹತ್ತಿರದ ಸಾರ್ನ್-ಅ-ಪ್ಲಾಸ್ ಎಂಬ ಹಳೆಯ ಕಲ್ಲಿನ ಮನೆಯಲ್ಲಿ. ಅಲ್ಲಿ ಹುಟ್ಟಿದ ‘ದಿ ಎಕೋಸ್ ರಿಟರ್ನ್ ಸ್ಲೋ’ (1988) ಒಂದು ಪುಟದಲ್ಲಿ ಗದ್ಯ, ಎದುರು ಪುಟದಲ್ಲಿ ಪದ್ಯ ಇಟ್ಟು ಕಟ್ಟಿದ ಆತ್ಮಕಥೆ. ಗದ್ಯ ಹೇಳಿ ಮುಗಿಸಿದ್ದನ್ನು ಪದ್ಯ ಅನುಮಾನಿಸುತ್ತದೆ. ಈತನ ಒಂದೇ ಪುಸ್ತಕ ಓದಬೇಕೆನ್ನುವವರಿಗೆ ನಾನು ಕೊಡುವುದು ಇದನ್ನು.

1991ರಲ್ಲಿ ಎಲ್ಸಿ ತೀರಿಕೊಂಡಳು. ಮರುವರ್ಷದ ‘ಮಾಸ್ ಫಾರ್ ಹಾರ್ಡ್ ಟೈಮ್ಸ್’ನಲ್ಲಿರುವ ‘ಎ ಮ್ಯಾರೇಜ್’ ಐವತ್ತು ವರ್ಷದ ದಾಂಪತ್ಯವನ್ನು ಕೆಲವೇ ಗಿಡ್ಡ ಸಾಲುಗಳಲ್ಲಿ ಹಿಡಿದ ಕವಿತೆ. ಗಂಟುಮುಖದ ಪಾದ್ರಿಯ ಬಗ್ಗೆ ಉದಾಸೀನರಾಗಿದ್ದವರೂ ಇದರ ಮುಂದೆ ಮೆತ್ತಗಾದರು. 1993ರಲ್ಲಿ ಸಮಗ್ರ ಕವಿತೆಗಳ ಸಂಪುಟ ಬಂತು. 1996ರಲ್ಲಿ ನೊಬೆಲ್‌ಗೆ ಹೆಸರು ಸೂಚಿತವಾಯಿತು. ಆ ವರ್ಷ ಪ್ರಶಸ್ತಿ ಪೋಲೆಂಡಿನ ಶಿಂಬೋರ್ಸ್ಕಾ ಪಾಲಾಯಿತು. 2000ದ ಸೆಪ್ಟೆಂಬರ್ 25ರಂದು ಥಾಮಸ್ ಸತ್ತ. ಉಳಿದಿದ್ದ ಕವಿತೆಗಳು ‘ರೆಸಿಡ್ಯೂಸ್’ ಎಂಬ ಹೆಸರಿನಲ್ಲಿ 2002ರಲ್ಲಿ ಪ್ರಕಟವಾದವು.

ಕಲಿತ ಭಾಷೆ, ಬರೆಯಲಾಗದ ಕವಿತೆ

ಥಾಮಸ್ ಹುಟ್ಟುವ ಎರಡು ವರ್ಷ ಮೊದಲಿನ ಜನಗಣತಿಯಲ್ಲಿ ವೇಲ್ಸ್‌ನ ಶೇಕಡ 43ರಷ್ಟು ಜನ ವೆಲ್ಶ್ ಆಡುತ್ತಿದ್ದರು. 1991ರಲ್ಲಿ ಅದು ಶೇಕಡ 19ಕ್ಕಿಂತ ಕೆಳಗಿಳಿದಿತ್ತು. ಈ ಇಳಿತವೇ ಅವನ ಸಿಟ್ಟಿನ ಬೇರು. ಲಿವರ್‌ಪೂಲ್ ನಗರದ ನೀರಿಗಾಗಿ ಟ್ರುವೆರಿನ್ ಕಣಿವೆಗೆ ಅಣೆಕಟ್ಟು ಕಟ್ಟಿ, ಕಾಪೆಲ್ ಕೆಲಿನ್ ಎಂಬ ವೆಲ್ಶ್ ಮಾತಿನ ಹಳ್ಳಿಯನ್ನು 1965ರಲ್ಲಿ ಮುಳುಗಿಸಲಾಯಿತು. ಅಂಥ ಜಲಾಶಯಗಳ ಬಗ್ಗೆ ಬರೆದ ಕವಿತೆಯಲ್ಲಿ ಥಾಮಸ್‌ನ ಕೋಪ ಇಂಗ್ಲಿಷರ ಮೇಲೆ ಎಷ್ಟಿದೆಯೋ ಸುಮ್ಮನೆ ಕೂತ ವೆಲ್ಶ್ ಜನರ ಮೇಲೂ ಅಷ್ಟೇ ಇದೆ. 1979ರಿಂದ ಇಂಗ್ಲಿಷರ ರಜಾಮನೆಗಳಿಗೆ ಬೆಂಕಿ ಹಚ್ಚುವ ಪ್ರಕರಣಗಳು ನಡೆದಾಗ ಅವನ್ನು ಖಂಡಿಸಲು ಒಪ್ಪದೆ ಪತ್ರಿಕೆಗಳ ಕೆಂಗಣ್ಣಿಗೆ ಗುರಿಯಾದ. ಆ ಹಟ ಅವನ ಕಾವ್ಯದ ಓದಿನ ಮೇಲೂ ಕರಿನೆರಳು ಹಾಕಿತು.

ಇಷ್ಟೆಲ್ಲ ಮಾತಾಡಿದ್ದು ಇಂಗ್ಲಿಷ್ ಕವಿತೆಯಲ್ಲಿ. ಮೂವತ್ತರ ಹರೆಯದಲ್ಲಿ ವೆಲ್ಶ್ ಕಲಿತ. ಗದ್ಯ ಬರೆಯುವಷ್ಟು, ಪ್ರವಚನ ಕೊಡುವಷ್ಟು ಬಂತು. ಕವಿತೆಗೆ ಬೇಕಾದ, ಎದೆಹಾಲಿನೊಂದಿಗೆ ಬರುವ ಭಾಷೆ ಮಾತ್ರ ತಡವಾಗಿತ್ತು ಎಂದು ಅವನೇ ಒಪ್ಪಿಕೊಂಡಿದ್ದ. 1976ರಲ್ಲಿ ಕಾರ್ಡಿಗನ್‌ನ ರಾಷ್ಟ್ರೀಯ ಐಸ್ಟೆದ್‌ವೋದ್ ಉತ್ಸವದಲ್ಲಿ ವೆಲ್ಶ್‌ನಲ್ಲೇ ಕೊಟ್ಟ ‘ಅಬೆರ್‌ಕೀವಾಗ್’ ಉಪನ್ಯಾಸ ಈ ಕಾವ್ಯದ ಕೀಲಿಕೈಗಳಲ್ಲೊಂದು. ಹಳೆಯ ವೆಲ್ಶ್ ಪದ್ಯದಲ್ಲಿ ಕೋಗಿಲೆ ಕೂಗುವ ಊರು ಅದು. ಹುಡುಕಿಕೊಂಡು ಹೋದರೆ ಸಿಗುವುದಿಲ್ಲ. ಸಿಗದಿರುವುದು ಇಲ್ಲವೆನ್ನುವುದಕ್ಕೆ ಸಾಕ್ಷಿಯಲ್ಲ ಎಂದು ಅವನ ವಾದ. ದೇವರ ಬಗ್ಗೆ ಇಂಗ್ಲಿಷ್ ಕವಿತೆಗಳಲ್ಲಿ ಹೇಳುತ್ತಿದ್ದದ್ದನ್ನೇ ಇಲ್ಲಿ ನಾಡಿನ ಬಗ್ಗೆ ಹೇಳುತ್ತಿದ್ದಾನೆ.

ಆತ್ಮಕಥೆಯನ್ನೂ 1985ರಲ್ಲಿ ವೆಲ್ಶ್‌ನಲ್ಲೇ ಬರೆದ. ಹೆಸರು ‘ನೆಬ್’: ಯಾರೂ ಅಲ್ಲ, ಎಂದು. ಅದರಲ್ಲಿ ‘ನಾನು’ ಇಲ್ಲ. ತನ್ನನ್ನು ಉದ್ದಕ್ಕೂ ‘ಅವನು’ ಎಂದೇ ಕರೆದುಕೊಳ್ಳುತ್ತಾನೆ. ಜೇಸನ್ ವಾಲ್ಫರ್ಡ್ ಡೇವಿಸ್ ಅದನ್ನು ಇಂಗ್ಲಿಷಿಗೆ ತಂದದ್ದು 1997ರಲ್ಲಿ. ಅಲ್ಲಿಯವರೆಗೆ ವೆಲ್ಶ್ ಬಾರದ ವಿಮರ್ಶಕರು ಹನ್ನೆರಡು ವರ್ಷ ಈ ಕವಿಯ ಬಗ್ಗೆ ಬರೆಯುತ್ತಲೇ ಇದ್ದರು, ಅವನು ತನ್ನ ಬಗ್ಗೆ ಬರೆದದ್ದನ್ನು ಓದದೆ.