ಮೊದಲ ಪುಟ ಯಾವುದು? ‘ತ್ರೀ ಬಾಡಿ ಪ್ರಾಬ್ಲಂ’ ಓದಿದವರ ಚರಿತ್ರೆ

ನಿಮ್ಮಲ್ಲಿ ಸುಮಾರು ಜನ 2024ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘3 ಬಾಡಿ ಪ್ರಾಬ್ಲಂ’ ನೋಡಿರ್ತೀರಿ. ಅದರ ಮೊದಲ ದೃಶ್ಯ ನೆನಪಿದೆಯಾ? ಬೀಜಿಂಗ್‌ನ ಸಿಂಗ್ಹುವಾ ವಿಶ್ವವಿದ್ಯಾಲಯ, ಸಾವಿರಾರು ಜನರ ಘೋಷಣೆ, ವೇದಿಕೆ ಮೇಲೆ ಒಬ್ಬ ಭೌತಶಾಸ್ತ್ರದ ಮೇಷ್ಟ್ರು. ಹುಡುಗ ಹುಡುಗಿಯರೇ ಸೇರಿ ಅವರನ್ನ ಹೊಡೆದು ಸಾಯಿಸ್ತಾರೆ. ಗುಂಪಿನ ನಡುವೆ ನಿಂತು ಮಗಳು ನೋಡ್ತಾ ಇರ್ತಾಳೆ.

ಇವತ್ತಿನ ಮಾತು ಆ ಸೀರೀಸ್ ಬಗ್ಗೆ ಅಲ್ಲ. ಅದರ ಹಿಂದಿರೋ ಕಾದಂಬರಿಯನ್ನ, ಅಂದರೆ ಮೂರು ಪುಸ್ತಕಗಳ ಸರಣಿಯ ಮೊದಲನೆಯದನ್ನ, ಜನ ಹೇಗೆ ಓದಿದರು ಅನ್ನೋದರ ಬಗ್ಗೆ. ಯಾಕಂದ್ರೆ 2008ರಲ್ಲಿ ಚೀನಾದಲ್ಲಿ ಈ ಪುಸ್ತಕ ಕೊಂಡವರಿಗೆ ಮೊದಲ ಪುಟದಲ್ಲಿ ಸಿಕ್ಕಿದ್ದು ಈ ದೃಶ್ಯ ಅಲ್ಲವೇ ಅಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಚೀನಾದ ಚೆಂಗ್ಡು ನಗರದಲ್ಲಿ ‘ಕೆಹ್ವಾನ್ ಶಿಜ್ಯೆ’ ಅಂತ ಒಂದು ಮಾಸಪತ್ರಿಕೆ ಇದೆ. ‘ವಿಜ್ಞಾನ ಕಥಾಲೋಕ’ ಅನ್ನಬಹುದು. 1979ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿದ್ದು. 1983ರ ಹೊತ್ತಿಗೆ ‘ಆಧ್ಯಾತ್ಮಿಕ ಮಾಲಿನ್ಯ’ ತೊಳೀತೀವಿ ಅಂತ ಅಲ್ಲಿ ಒಂದು ಅಭಿಯಾನ ನಡೀತು. ವಿಜ್ಞಾನ ಕಥೆಗಳಿಗೂ ಏಟು ಬಿತ್ತು, ಇಂಥ ಪತ್ರಿಕೆಗಳು ಒಂದೊಂದಾಗಿ ಮುಚ್ಚಿಕೊಂಡವು. ಇದೊಂದು ಹೇಗೋ ಜೀವ ಹಿಡ್ಕೊಂಡಿತ್ತು. ಆಮೇಲೆ 1999ರಲ್ಲಿ ಒಂದು ಮಜಾ ಆಯ್ತು. ಚೀನಾದ ಕಾಲೇಜು ಪ್ರವೇಶ ಪರೀಕ್ಷೆ, ಅವರು ಗಾವ್‌ಕಾವ್ ಅಂತಾರೆ, ನಮ್ಮ ಸಿಇಟಿ, ನೀಟ್ ಎಲ್ಲಾ ಸೇರಿಸಿದಷ್ಟು ಭಯ ಅದಕ್ಕೆ. ಆ ವರ್ಷ ಪ್ರಬಂಧಕ್ಕೆ ಕೊಟ್ಟ ವಿಷಯ: ನೆನಪುಗಳನ್ನ ಒಬ್ಬರಿಂದ ಇನ್ನೊಬ್ಬರಿಗೆ ಕಸಿ ಮಾಡೋ ಹಾಗಿದ್ರೆ? ಅದೇ ವಿಷಯದ ಮೇಲೆ ಈ ಪತ್ರಿಕೆ ಆಗಷ್ಟೇ ಬರೆದಿತ್ತು! ಇನ್ನೇನು, ಮಕ್ಕಳ ಕೈಯಲ್ಲಿ ಕಂಡರೆ ಕಸಿದುಕೊಳ್ತಿದ್ದ ಅಪ್ಪ ಅಮ್ಮಂದಿರೇ ತಂದುಕೊಡೋಕೆ ಶುರು ಮಾಡಿದರು. ಪ್ರಸಾರ ಏರಿ ಏರಿ 4 ಲಕ್ಷದ ಹತ್ತಿರ ಹೋಯಿತು.

ಅದೇ 1999ರಲ್ಲಿ ಅದೇ ಪತ್ರಿಕೆಯಲ್ಲಿ ಒಬ್ಬ ಎಂಜಿನಿಯರ್‌ನ ಕಥೆಗಳು ಬರೋಕೆ ಶುರುವಾದವು. ಹೆಸರು ಲಿಯು ಸಿಶಿನ್. ಶಾನ್ಶಿ ಪ್ರಾಂತ್ಯದ ನ್ಯಾಂಗ್‌ಜಿಗ್ವಾನ್ ಅನ್ನೋ ಊರಿನ ವಿದ್ಯುತ್ ಸ್ಥಾವರದಲ್ಲಿ ಕಂಪ್ಯೂಟರ್ ಕೆಲಸ. 2006ರಲ್ಲಿ ಅವರ ‘ಸಾನ್ ಟಿ’, ಅಂದರೆ ‘ಮೂರು ಕಾಯಗಳು’, ಈ ಪತ್ರಿಕೆಯಲ್ಲಿ ಮೇನಿಂದ ಡಿಸೆಂಬರ್‌ವರೆಗೆ ಧಾರಾವಾಹಿಯಾಗಿ ಬಂತು. ನಿಮ್ಮ ಮನೆಯಲ್ಲಿ ಅಮ್ಮನೋ ಅಜ್ಜಿಯೋ ‘ಸುಧಾ’, ‘ತರಂಗ’ದ ಧಾರಾವಾಹಿಗೆ ಕಾಯ್ತಿದ್ದಿದ್ದು ಕೇಳಿರ್ತೀರಲ್ಲ, ಹಾಗೇ. ಆದ್ರೆ ಇಲ್ಲಿ ವಾರಕ್ಕಲ್ಲ, ತಿಂಗಳಿಗೊಂದು ಕಂತು. ಕಾಯ್ತಿದ್ದವರಲ್ಲಿ ಹೆಚ್ಚಿನವರು ಕಾಲೇಜು ಹುಡುಗರು. ಅವರಿಗೆ ಲಿಯು ‘ದಾ ಲಿಯು’, ಅಂದರೆ ದೊಡ್ಡ ಲಿಯು. ತಮಗೆ ಅವರು ಇಟ್ಕೊಂಡ ಹೆಸರು ‘ಅಯಸ್ಕಾಂತಗಳು’. ಚೀನೀ ಭಾಷೆಯಲ್ಲಿ ಅದು ಅವರ ಹೆಸರಿನ ಮೇಲೆ ಮಾಡಿದ ಶ್ಲೇಷೆ.

ಅವರಿಗೆ ಹುಚ್ಚು ಹಿಡಿಸಿದ್ದು ಏನು? ಐಡಿಯಾಗಳು. ಮೂರು ಸೂರ್ಯರಿರೋ ಒಂದು ಲೋಕ, ಅಲ್ಲಿ ನಾಳೆ ಬೆಳಗಾಗುತ್ತೋ ಇಲ್ಲವೋ ಲೆಕ್ಕ ಹಾಕೋಕೇ ಆಗಲ್ಲ. ಒಂದು ವಿಡಿಯೋ ಗೇಮ್, ಅದರೊಳಗೆ ಚಕ್ರವರ್ತಿ ಚಿನ್ ಶಿ ಹ್ವಾಂಗ್‌ನ 3 ಕೋಟಿ ಸೈನಿಕರು ಕಪ್ಪು ಬಿಳಿ ಬಾವುಟ ಎತ್ತಿ ಇಳಿಸಿ ಒಂದು ಕಂಪ್ಯೂಟರ್ ಆಗ್ತಾರೆ. ಲಾಜಿಕ್ ಗೇಟ್ ಅಂದ್ರೆ ಏನು ಅಂತ ಕ್ಲಾಸಲ್ಲಿ ತಲೆಗೆ ಹತ್ತದವರಿಗೂ ಆ ಅಧ್ಯಾಯ ಓದಿದರೆ ಹತ್ತುತ್ತೆ, ನಾನು ಗ್ಯಾರಂಟಿ. ಪಾತ್ರಗಳು ಮಾತ್ರ ಮರದ ಗೊಂಬೆ ಥರ ಅನ್ನೋ ದೂರು ಮುಂದೆ ಎಲ್ಲ ದೇಶಗಳಲ್ಲೂ ಕೇಳಿಬಂತು. ಪಾಲಿಶ್ ಇಲ್ಲದ ಪೊಲೀಸಪ್ಪ ಶಿ ಚಿಯಾಂಗ್ ಒಬ್ಬನನ್ನ ಬಿಟ್ಟು. ಅವನನ್ನ ಇಷ್ಟಪಡದವರನ್ನ ನಾನಿನ್ನೂ ನೋಡಿಲ್ಲ.

2008ರಲ್ಲಿ ಚೊಂಗ್‌ಚಿಂಗ್‌ನ ಪ್ರಕಾಶಕರು ಇದನ್ನ ಪುಸ್ತಕ ಮಾಡಿದರು. ನಮ್ಮ ಕಥೆ ತಿರುಗೋದು ಇಲ್ಲೇ. 1967ರ ಆ ಕೊಲೆಯ ದೃಶ್ಯ ಪುಸ್ತಕದ ಆರಂಭದಲ್ಲಿದ್ದರೆ ಸೆನ್ಸಾರ್‌ನವರ ಕಣ್ಣಿಗೆ ಬೀಳುತ್ತೆ ಅನ್ನೋ ಆತಂಕ. ಹಾಗಂತ ಕಿತ್ತು ಹಾಕಲಿಲ್ಲ. ಎತ್ತಿ ನಡುವೆಲ್ಲೋ ಇಟ್ಟರು. ಪುಸ್ತಕ ಶುರುವಾಗೋದು ಈ ಕಾಲದ ಒಬ್ಬ ನ್ಯಾನೋ ವಿಜ್ಞಾನಿ ವಾಂಗ್ ಮಿಯಾವ್ ಮನೆಗೆ ಪೊಲೀಸರೂ ಸೈನ್ಯದವರೂ ಬರೋದರಿಂದ. ವಿಜ್ಞಾನಿಗಳು ಒಬ್ಬೊಬ್ಬರಾಗಿ ಆತ್ಮಹತ್ಯೆ ಮಾಡ್ಕೊಳ್ತಿದ್ದಾರೆ, ಯಾಕೆ? ಪಕ್ಕಾ ಪತ್ತೇದಾರಿ ಓಪನಿಂಗ್.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿ ಬಗ್ಗೆ ಚೀನಾದಲ್ಲಿ ಬಾಯೇ ಬಿಡೋ ಹಾಗಿಲ್ಲ ಅಂತೇನಿಲ್ಲ. ಅದು ತಪ್ಪು ಅಂತ 1981ರಲ್ಲಿ ಪಕ್ಷವೇ ನಿರ್ಣಯ ಮಾಡಿದೆ. ಅದಕ್ಕೂ ಮೊದಲೇ ‘ಗಾಯದ ಸಾಹಿತ್ಯ’ ಅಂತಲೇ ಒಂದು ಪ್ರವಾಹ ಬಂದುಹೋಗಿತ್ತು. ಪ್ರಶ್ನೆ ಇರೋದು ಎಷ್ಟು ಹೇಳಬಹುದು, ಎಷ್ಟು ಜೋರಾಗಿ, ಯಾವ ಜಾಗದಲ್ಲಿ ಅನ್ನೋದು. ನಡುಪುಟದಲ್ಲಿ ಪರವಾಗಿಲ್ಲ, ಮೊದಲ ಪುಟದಲ್ಲಿ ಕಷ್ಟ.

ಜಾಗ ಬದಲಾದರೆ ಅರ್ಥವೂ ಜರುಗುತ್ತೆ. ಅಪ್ಪನ ಸಾವು ನೋಡಿದ ಯೆ ವೆನ್‌ಜಿಯೆ ಮುಂದೆ ಒಂದು ಗುಪ್ತ ರೇಡಿಯೋ ಕೇಂದ್ರಕ್ಕೆ ಸೇರ್ತಾಳೆ. ಬೇರೆ ಲೋಕದಿಂದ ಸಂದೇಶ ಬರುತ್ತೆ. ಉತ್ತರ ಕೊಡಬೇಡಿ ಅಂತ ಆ ಕಡೆಯವನೇ ಎಚ್ಚರಿಸ್ತಾನೆ. ಇವಳು ಕೊಡ್ತಾಳೆ, ಬನ್ನಿ ಅಂತಾಳೆ. 2008ರ ಓದುಗನಿಗೆ ಅವಳು ಒಂದು ನಿಗೂಢದ ಕೊನೆಗೆ ಸಿಗೋ ಉತ್ತರ. ಮೊದಲ ಪುಟದಲ್ಲೇ ಅವಳನ್ನ ಕಂಡವನಿಗೆ ಇಡೀ ಪುಸ್ತಕವೇ ಅವಳದು. ಪತ್ತೇದಾರಿ ಜೋಡಣೆಯಲ್ಲಿ ಕುತೂಹಲ ಹೆಚ್ಚು, ಅದನ್ನ ಒಪ್ಪಲೇಬೇಕು. ಆದ್ರೆ ಕಾದಂಬರಿಯಲ್ಲಿ ನನ್ನನ್ನ ಹೆಚ್ಚು ಕಾಡಿದ ದೃಶ್ಯ ಇನ್ನೊಂದಿದೆ. ವರ್ಷಗಳಾದ ಮೇಲೆ, ಅಪ್ಪನನ್ನ ಹೊಡೆದ ನಾಲ್ವರು ಹುಡುಗಿಯರಲ್ಲಿ ಉಳಿದ ಮೂವರನ್ನ ಅವಳು ಕರೆಸಿ ಮಾತಾಡ್ತಾಳೆ. ತಪ್ಪಾಯ್ತು ಅನ್ನಲಿ ಅಂತ ಕಾಯ್ತಾಳೆ. ಅವರು ಅನ್ನಲ್ಲ. ಅವರ ಬದುಕೂ ಅಷ್ಟೊತ್ತಿಗೆ ಚಿಂದಿಯಾಗಿರುತ್ತೆ, ಒಬ್ಬಳಿಗೆ ಕೈಯೇ ಇಲ್ಲ. ಆ ಏಟುಗಳನ್ನ ಮೊದಲು ಓದಿ, ಎಷ್ಟೋ ಪುಟ ಹೊತ್ತುಕೊಂಡು ಬಂದವನಿಗೆ ಈ ದೃಶ್ಯ ಬೇರೆಯೇ ಭಾರ.

ಮೂರನೇ ಪುಸ್ತಕ 2010ರಲ್ಲಿ ಬಂದಮೇಲೆ ಚೀನಾದಲ್ಲಿ ಸರಣಿ ವಿಜ್ಞಾನ ಕಥೆಯವರ ಗುಂಪನ್ನ ದಾಟಿತು. ಶವೋಮಿ ಕಂಪನಿಯ ಲೇ ಜುನ್ ಥರದ ಉದ್ಯಮಿಗಳು ಓದಿ ಅಂತ ಎಲ್ಲರಿಗೂ ಹೇಳೋಕೆ ಶುರು ಮಾಡಿದರು. ಫುದಾನ್ ವಿಶ್ವವಿದ್ಯಾಲಯದ ಸಾಹಿತ್ಯದ ಪ್ರಾಧ್ಯಾಪಕ ಯಾನ್ ಫೆಂಗ್ ಅಂತೂ, ಈತ ಒಬ್ಬನೇ ಚೀನಾದ ವಿಜ್ಞಾನ ಕಥೆಯನ್ನ ಜಗತ್ತಿನ ಮಟ್ಟಕ್ಕೆ ಏರಿಸಿದ ಅಂದುಬಿಟ್ಟರು.

ಆಮೇಲೆ ಕೆನ್ ಲಿಯು. ಲಾಂಝೌನಲ್ಲಿ ಹುಟ್ಟಿ, ಚಿಕ್ಕ ವಯಸ್ಸಲ್ಲೇ ಅಮೆರಿಕಕ್ಕೆ ಹೋದವರು. ಅವರೂ ಕಥೆಗಾರರೇ. ಇಂಗ್ಲಿಷ್‌ಗೆ ಅನುವಾದ ಮಾಡುವಾಗ ಅವರಿಗೆ ಈ ಜೋಡಣೆ ಎಲ್ಲೋ ತಪ್ಪಿದೆ ಅನಿಸ್ತು. ಆ ದೃಶ್ಯವನ್ನ ಮೊದಲಿಗೆ ತರೋಣವಾ ಅಂತ ಲೇಖಕರನ್ನ ಕೇಳಿದರು. ನಾನು ಮೊದಲು ಅಂದುಕೊಂಡಿದ್ದೂ ಹಾಗೇ ಅಂತ ಲಿಯು ಒಪ್ಪಿದರು. 2014ರ ನವೆಂಬರ್‌ನಲ್ಲಿ ಇಂಗ್ಲಿಷ್ ಪುಸ್ತಕ ಬಂತು, ಮೊದಲ ಅಧ್ಯಾಯವೇ 1967.

2015ರ ಹ್ಯೂಗೋ ಪ್ರಶಸ್ತಿಯ ಹೊತ್ತಿಗೆ ಅಮೆರಿಕದ ಓದುಗರೇ ಎರಡು ಬಣವಾಗಿ ಕಚ್ಚಾಡ್ತಿದ್ದರು. ಪ್ರಶಸ್ತಿಗಳೆಲ್ಲ ರಾಜಕೀಯ ಆಗಿವೆ ಅಂತ ಒಂದು ಬಣ ತನ್ನದೇ ಪಟ್ಟಿ ಮಾಡಿ ಒಟ್ಟಾಗಿ ನಾಮನಿರ್ದೇಶನ ಮಾಡಿತ್ತು. ಆ ಪಟ್ಟಿಯಲ್ಲಿದ್ದ ಮಾರ್ಕೋ ಕ್ಲೂಸ್ ಅನ್ನೋ ಲೇಖಕ, ಇಂಥ ದಾರಿಯಲ್ಲಿ ಬಂದದ್ದು ನನಗೆ ಬೇಡ ಅಂತ ಹಿಂದೆ ಸರಿದರು. ಖಾಲಿಯಾದ ಆ ಜಾಗಕ್ಕೆ ಬಂದದ್ದು ‘ತ್ರೀ ಬಾಡಿ’. ಸುಮಾರು 6 ಸಾವಿರ ಜನ ಮತ ಹಾಕಿದರು. ಐದು ವಿಭಾಗಗಳಲ್ಲಿ ಯಾರಿಗೂ ಪ್ರಶಸ್ತಿ ಬೇಡ ಅನ್ನೋದೇ ಗೆದ್ದ ಆ ವರ್ಷ, ಶ್ರೇಷ್ಠ ಕಾದಂಬರಿ ವಿಭಾಗದಲ್ಲಿ ಇದು ಗೆದ್ದಿತು. ಅನುವಾದಿತ ಕಾದಂಬರಿಗೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಹೆಸರು ಘೋಷಿಸಿದ್ದು ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗಗನಯಾತ್ರಿ, ಶೆಲ್ ಲಿಂಡ್‌ಗ್ರೆನ್! ಆಮೇಲೆ ಒಬಾಮಾ, ಇದನ್ನ ಓದ್ತಿದ್ದಾಗ ಸಂಸತ್ತಿನ ಜೊತೆಗಿನ ದಿನದಿನದ ಜಗಳ ಚಿಲ್ಲರೆ ಅನಿಸ್ತಿತ್ತು ಅನ್ನೋ ಅರ್ಥದಲ್ಲಿ ಹೇಳಿದ್ದೂ ಎಲ್ಲ ಕಡೆ ಓಡಾಡಿತು.

ಆದರೆ ಅಲ್ಲಿನ ಎಷ್ಟೋ ಓದುಗರು ಇದನ್ನ ಚೀನಾ ಸರ್ಕಾರದ ಮೇಲಿನ ಟೀಕೆ ಅಂತಲೇ ಓದಿದರು. ಲಿಯು ಮಾತ್ರ ಬಂದಲ್ಲೆಲ್ಲ ಅದನ್ನ ತಳ್ಳಿಹಾಕ್ತಾನೇ ಬಂದಿದ್ದಾರೆ. ಮನುಷ್ಯಕುಲದ ಮೇಲೇ ನಂಬಿಕೆ ಕಳ್ಕೊಳ್ಳೋಕೆ ಒಬ್ಬಳಿಗೆ ಕಾರಣ ಬೇಕಿತ್ತು, ಆ ಕಾಲ ಕಾರಣ ಕೊಟ್ಟಿತು, ಅಷ್ಟೇ ಅನ್ನೋದು ಅವರ ವಾದ. ಕಥೆಗಾರನಾಗಿ ಅವರು ಹೇಳೋದು ನಿಜ ಇರಬಹುದು. ಆದ್ರೆ ಕಾರಣಕ್ಕೆ ಆರಿಸಿದ್ದು ಕಲ್ಪನೆಯ ಘಟನೆ ಅಲ್ಲವಲ್ಲ? ಮೇಷ್ಟ್ರುಗಳನ್ನ ವಿದ್ಯಾರ್ಥಿಗಳೇ ಹೊಡೆದು ಕೊಂದದ್ದು ನಡೆದದ್ದೇ.

2023ರ ಜನವರಿಯಲ್ಲಿ ಚೀನಾದ ಟೆನ್ಸೆಂಟ್ 30 ಕಂತುಗಳ ಸೀರೀಸ್ ಮಾಡಿತು. ಪುಸ್ತಕಕ್ಕೆ ಬಹಳ ನಿಷ್ಠೆಯಿಂದಿದೆ ಅಂತ ಅಭಿಮಾನಿಗಳು ಮೆಚ್ಚಿದರು. ಅದರಲ್ಲಿ ಆ ಕೊಲೆ ಕಾಣಿಸಲಿಲ್ಲ. ಮರುವರ್ಷ ನೆಟ್‌ಫ್ಲಿಕ್ಸ್‌ನದು ಅದರಿಂದಲೇ ಶುರುವಾಯ್ತು. ನೆಟ್‌ಫ್ಲಿಕ್ಸ್ ಚೀನಾದಲ್ಲಿ ಇಲ್ಲ, ಆದರೂ ವಿಪಿಎನ್ ಹಾಕಿಯೋ ಕದ್ದ ಪ್ರತಿಯಲ್ಲೋ ನೋಡಿದವರು ಅಲ್ಲಿನ ಸೋಷಿಯಲ್ ಮೀಡಿಯಾದಲ್ಲಿ ಜಗಳಕ್ಕೆ ಇಳಿದರು. ನಮ್ಮ ಪಾತ್ರಗಳನ್ನ ಇಂಗ್ಲೆಂಡ್‌ಗೆ ಸಾಗಿಸಿಬಿಟ್ಟರು ಅನ್ನೋ ಸಿಟ್ಟಿನಲ್ಲಿ ನ್ಯಾಯ ಇತ್ತು. ಆದ್ರೆ ಇನ್ನೊಂದು ಸಿಟ್ಟೂ ಇತ್ತು: ಚೀನಾಕ್ಕೆ ಮಸಿ ಬಳಿಯೋಕೆ ಬೇಕಂತಲೇ ಈ ದೃಶ್ಯ ತುರುಕಿದ್ದಾರೆ ಅಂತ.

ಅದಕ್ಕೆ ಉತ್ತರ ಕೊಟ್ಟವರೂ ಅಲ್ಲಿಯ ಓದುಗರೇ. ತುರುಕಿಲ್ಲ, ಪುಸ್ತಕದಲ್ಲೇ ಇದೆ ಅಂದರು. 2008ರಿಂದಲೂ ಇದೆ, ನಡುಪುಟಗಳಲ್ಲಿ.